ನಾಲ್ಕು ಸರ್ವರ್, ಮೂರು ಪ್ರತಿ: ಕೈಕೊಡದ ಫೈಲ್ ಸಂಗ್ರಹ ಕಟ್ಟುವುದು ಹೇಗೆ?

ಎರಡು ಸರ್ವರ್ ಕೊಂಡು, ಒಂದರಲ್ಲಿರುವುದೆಲ್ಲ ಇನ್ನೊಂದಕ್ಕೂ ನಕಲಾಗುವಂತೆ ಮಾಡಿ, ಎರಡಕ್ಕೂ ಒಂದೇ ಯುಪಿಎಸ್‌ನಿಂದ ವಿದ್ಯುತ್ ಕೊಟ್ಟು, ಇನ್ನು ನಮ್ಮ ಡೇಟಾ ಭದ್ರ ಎಂದು ನಿಶ್ಚಿಂತೆಯಿಂದ ಕುಳಿತ ಸಂಸ್ಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಇದು ಒಂದೇ ಕೊಂಬೆಗೆ ಎರಡು ಉಯ್ಯಾಲೆ ಕಟ್ಟಿದ ಹಾಗೆ. ಯುಪಿಎಸ್ ಸುಟ್ಟ ದಿನ ಎರಡೂ ಒಟ್ಟಿಗೇ ಮಲಗುತ್ತವೆ. ಕಾಲೇಜುಗಳಲ್ಲಿ, ವಿಡಿಯೊ ಸ್ಟುಡಿಯೊಗಳಲ್ಲಿ, ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಇದನ್ನೇ ನೋಡಿ ನೋಡಿ ಸಾಕಾಗಿ ಈ ಲೇಖನ ಬರೆಯುತ್ತಿದ್ದೇನೆ.

ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ, ಬಳಸುವವರಿಗೆ ಒಂದೇ ದೊಡ್ಡ ಫೋಲ್ಡರ್ ಎಂಬಂತೆ ತೋರಿಸುವ ಏರ್ಪಾಡಿಗೆ ವಿತರಿತ ಫೈಲ್ ವ್ಯವಸ್ಥೆ ಎನ್ನುತ್ತಾರೆ. ಗೂಗಲ್ 2003ರಲ್ಲಿ ತನ್ನ ಫೈಲ್ ವ್ಯವಸ್ಥೆಯ ವಿವರಗಳನ್ನು ಪ್ರಕಟಿಸಿದಾಗ ಅದರ ತಳಪಾಯದಲ್ಲಿದ್ದ ಮಾತು ಇಷ್ಟೇ: ಯಂತ್ರ ಕೆಡುವುದು ಅಪರೂಪದ ಸಂಗತಿಯಲ್ಲ, ನಿತ್ಯದ ಸಂಗತಿ. ಆದ್ದರಿಂದ ‘ಎಷ್ಟು ಟಿಬಿ (ಟೆರಾಬೈಟ್) ಬೇಕು’ ಎಂದು ಶುರುಮಾಡಬೇಡಿ. ಯಾವುದು ಯಾವುದರ ಜೊತೆ ಒಟ್ಟಿಗೆ ಕೆಡುತ್ತದೆ ಎಂದು ಶುರುಮಾಡಿ.

ಹಂತ 1: ನಿಜಕ್ಕೂ ಬೇಕೇ?

ಒಂದೇ ಕಚೇರಿ, ಹತ್ತು ಟಿಬಿಗಿಂತ ಕಡಿಮೆ ಡೇಟಾ, ಅರ್ಧ ದಿನ ನಿಂತರೂ ನಡೆಯುತ್ತದೆ ಎಂದಾದರೆ ಬೇಡ. ಒಳ್ಳೆಯದೊಂದು ಎನ್‌ಎಎಸ್ ಪೆಟ್ಟಿಗೆ (ನೆಟ್‌ವರ್ಕ್‌ಗೆ ಜೋಡಿಸಿ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ) ಮತ್ತು ಬೇರೆ ಕಟ್ಟಡದಲ್ಲಿ ಬ್ಯಾಕಪ್ ಸಾಕು. ಮುಂದಿನದನ್ನು ಓದುವ ಶ್ರಮ ಉಳಿಯಿತು.

ಹಂತ 2: ತಂತ್ರಾಂಶ ಆರಿಸಿ

ನನ್ನ ಆಯ್ಕೆ ಸೆಫ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್‌ನಲ್ಲಿ ಸೇಜ್ ವೈಲ್ ಸಂಶೋಧನೆಗಾಗಿ ಕಟ್ಟಿದ್ದು ಇಂದು ದೊಡ್ಡ ಮುಕ್ತ ತಂತ್ರಾಂಶವಾಗಿ ಬೆಳೆದಿದೆ. ಅದರ ಜಾಣ್ಮೆ ಇರುವುದು ಫೈಲ್ ಎಲ್ಲಿದೆ ಎಂಬುದನ್ನು ಹುಡುಕುವ ರೀತಿಯಲ್ಲಿ. ಒಂದು ಕೇಂದ್ರ ಪಟ್ಟಿಯನ್ನು ಪ್ರತಿ ಸಲ ಕೇಳುವ ಬದಲು, ಬಳಸುವ ಕಂಪ್ಯೂಟರೇ ಲೆಕ್ಕ ಹಾಕಿ ‘ಫೈಲಿನ ಈ ತುಣುಕು ಇಂಥ ಡಿಸ್ಕ್‌ನಲ್ಲಿದೆ’ ಎಂದು ಕಂಡುಕೊಂಡು ನೇರವಾಗಿ ಅಲ್ಲಿಗೇ ಹೋಗುತ್ತದೆ. ಸರ್ವರ್‌ಗಳು ನಾಲ್ಕಿರಲಿ, ನಾನೂರಿರಲಿ, ಕೇಂದ್ರದಲ್ಲಿ ಸರದಿ ಬೆಳೆಯುವುದಿಲ್ಲ.

ಇಂಥದ್ದೇ ಇನ್ನೊಂದು ತಂತ್ರಾಂಶ, ಬೆಂಗಳೂರಿನ ಎಂಜಿನಿಯರುಗಳ ಕೈಯಲ್ಲಿ ಬೆಳೆದ ಗ್ಲಸ್ಟರ್ ಬಗ್ಗೆ ನನಗೆ ಅಭಿಮಾನವಿದೆ. ಅದನ್ನು ಬಳಸಲು ಸುಲಭ, ಅರ್ಥಮಾಡಿಕೊಳ್ಳಲು ಇನ್ನೂ ಸುಲಭ. ಆದರೆ 2011ರಲ್ಲಿ ಅದನ್ನು ಕೊಂಡ ರೆಡ್ ಹ್ಯಾಟ್ ಕಂಪನಿ ತನ್ನ ಗ್ಲಸ್ಟರ್ ಉತ್ಪನ್ನಕ್ಕೆ ಕೊಡುತ್ತಿದ್ದ ಬೆಂಬಲವನ್ನು 2024ರ ಕೊನೆಗೆ ನಿಲ್ಲಿಸಿತು. ಹೊಸದಾಗಿ ಕಟ್ಟುವವರು ಅಭಿಮಾನವನ್ನು ಬದಿಗಿಡಿ.

ಹಂತ 3: ಲೆಕ್ಕ

ಪ್ರತಿಯೊಂದು ಫೈಲಿಗೂ ಬೇರೆ ಬೇರೆ ಸರ್ವರ್‌ಗಳಲ್ಲಿ ಮೂರು ಪ್ರತಿ ಎಂದಮೇಲೆ ಮೂರು ಸರ್ವರ್ ಸಾಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. ಒಂದು ಹೋದರೆ ಮೂರನೆಯ ಪ್ರತಿಯನ್ನು ಮತ್ತೆ ಮಾಡಿಡಲು ಜಾಗವೇ ಇರುವುದಿಲ್ಲ. ಹೊಸ ಸರ್ವರ್ ಬರುವವರೆಗೆ ಎರಡೇ ಪ್ರತಿಗಳ ಮೇಲೆ ಕಾಲ ತಳ್ಳಬೇಕು. ನಾಲ್ಕು ಕೊಳ್ಳಿ.

ತಲಾ 12 ಟಿಬಿಯ ನಾಲ್ಕು ಸರ್ವರ್, ಒಟ್ಟು 48. ಮೂರರಿಂದ ಭಾಗಿಸಿ 16 ಟಿಬಿ ಸಿಗುತ್ತದೆ ಎಂದು ಮೇಲಧಿಕಾರಿಗೆ ಹೇಳಿಬಿಡಬೇಡಿ. ಒಂದು ಸರ್ವರ್ ಕೆಟ್ಟರೆ ಉಳಿಯುವುದು 36. ಡಿಸ್ಕ್ ಶೇ 85 ತುಂಬಿದರೆ ಸೆಫ್ ಎಚ್ಚರಿಕೆ ಕೊಡುತ್ತದೆ, ಶೇ 95ಕ್ಕೆ ಬರೆಯುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ 36ರಲ್ಲಿ ಶೇ 85 ಎಂದರೆ 30.6, ಅದನ್ನು ಮೂರರಿಂದ ಭಾಗಿಸಿ. ನೀವು ಮಾತು ಕೊಡಬಹುದಾದದ್ದು 10 ಟಿಬಿ, ಅಷ್ಟೇ. ಟೆಂಡರ್ ಬರೆಯುವಾಗಲೇ ಈ ಸಂಖ್ಯೆಯನ್ನು ನಮೂದಿಸಿ.

‘ಪೂರ್ತಿ ಪ್ರತಿಗಳ ಬದಲು ಫೈಲನ್ನು ತುಣುಕು ಮಾಡಿ ರಕ್ಷಣಾ ತುಣುಕು ಸೇರಿಸುವ ಇರೇಷರ್ ಕೋಡಿಂಗ್ ಹಾಕಿದರೆ ಜಾಗ ಉಳಿಯುತ್ತದೆ’ ಎಂದು ಮಾರಾಟಗಾರರು ಹೇಳುತ್ತಾರೆ. ಅದು ನಿಜ. ಆರು ತುಣುಕಿಗೆ ಮೂರು ರಕ್ಷಣಾ ತುಣುಕು ಸೇರಿಸಿದರೆ ಮೂರುಪಟ್ಟಿನ ಬದಲು ಒಂದೂವರೆಪಟ್ಟು ಜಾಗ ಸಾಕು. ಆದರೆ ಆ ಒಂಬತ್ತು ತುಣುಕುಗಳು ಬೇರೆ ಬೇರೆ ಒಂಬತ್ತು ಸರ್ವರ್‌ಗಳಲ್ಲಿರಬೇಕು. ನಿಮ್ಮಲ್ಲಿರುವುದು ನಾಲ್ಕು.

ಹಂತ 4: ಎಲ್ಲರೂ ಎಡವುವ ಜಾಗ

ನಿಧಾನವಾಗಿ ಓದಿ. ಸೆಫ್‌ನಲ್ಲಿ ಎರಡು ಸಂಖ್ಯೆಗಳಿವೆ. ಮೊದಲನೆಯದು ‘ಸೈಜ್’, ಒಟ್ಟು ಎಷ್ಟು ಪ್ರತಿ ಎಂಬುದು. ಎರಡನೆಯದು ‘ಮಿನ್ ಸೈಜ್’, ಕನಿಷ್ಠ ಎಷ್ಟು ಪ್ರತಿ ಜೀವಂತವಿದ್ದರೆ ಕೆಲಸ ಮುಂದುವರಿಯಬಹುದು ಎಂಬುದು. ಮೂರು ಮತ್ತು ಎರಡು ಎಂದಿಡಿ, ಇಟ್ಟಮೇಲೆ ಮುಟ್ಟಬೇಡಿ. ಅವಸರದ ದಿನ ಯಾರೋ ಒಬ್ಬರು ಮಿನ್ ಸೈಜ್ ಅನ್ನು ಒಂದಕ್ಕೆ ಇಳಿಸುತ್ತಾರೆ. ಆಮೇಲೆ ಏನಾಗುತ್ತದೆ ನೋಡಿ.

ಒಂದು ಫೈಲಿನ ಪ್ರತಿಗಳು ಅ, ಬ, ಕ ಎಂಬ ಮೂರು ಸರ್ವರ್‌ಗಳಲ್ಲಿವೆ ಎನ್ನಿ. ಕ ಸರ್ವರಿನ ಪವರ್ ಸಪ್ಲೈ ಹೋಯಿತು. ಅದೇ ಹೊತ್ತಿಗೆ ಬ ಅಪ್‌ಡೇಟ್ ಆಗಿ ರೀಬೂಟ್ ಆಗುತ್ತಿದೆ. ಉಳಿದದ್ದು ಅ ಒಂದೇ. ಮಿನ್ ಸೈಜ್ ಒಂದು ಆಗಿರುವುದರಿಂದ ಅ ಒಂಟಿಯಾಗಿಯೇ ಹೊಸ ಬರವಣಿಗೆಯನ್ನು ಒಪ್ಪಿಕೊಳ್ಳುತ್ತದೆ. ಲೆಕ್ಕಪತ್ರ ವಿಭಾಗದವರು ಸಂಬಳದ ಪಟ್ಟಿಯನ್ನು ತಿದ್ದಿ ಉಳಿಸುತ್ತಾರೆ. ಪರದೆಯ ಮೇಲೆ ‘ಉಳಿಸಲಾಗಿದೆ’ ಎಂದು ಬರುತ್ತದೆ. ಐದು ನಿಮಿಷದ ನಂತರ ಅ ಸರ್ವರಿನ ಆ ಡಿಸ್ಕ್ ಸಾಯುತ್ತದೆ. ಬ ಎದ್ದು ಬರುತ್ತದೆ, ಆದರೆ ಅದರ ಬಳಿ ಇರುವುದು ಹಳೆಯ ಪ್ರತಿ. ಬ ಇಲ್ಲದಾಗ ಅ ಏನನ್ನೋ ಬರೆದಿರಬಹುದು ಎಂಬುದು ವ್ಯವಸ್ಥೆಗೆ ಗೊತ್ತಿರುವುದರಿಂದ ಅದು ಹಳೆಯದನ್ನು ಕೊಡಲು ಒಪ್ಪುವುದಿಲ್ಲ. ಆ ಒಂದು ಫೈಲ್ ಮಾತ್ರವಲ್ಲ, ಸೆಫ್ ಅದರ ಜೊತೆ ಒಂದೇ ಗುಂಪಾಗಿ ಇಟ್ಟಿದ್ದ ತುಣುಕುಗಳೆಲ್ಲ ಬಾಗಿಲು ಹಾಕಿಕೊಳ್ಳುತ್ತವೆ. ‘ಹೋದದ್ದು ಹೋಯಿತು’ ಎಂದು ಕೊನೆಗೆ ಮನುಷ್ಯನೇ ಆದೇಶ ಕೊಡಬೇಕು.

ಮಿನ್ ಸೈಜ್ ಎರಡಾಗಿದ್ದರೆ? ಬ ರೀಬೂಟ್ ಆಗುವಷ್ಟು ಹೊತ್ತು ಲೆಕ್ಕಪತ್ರ ವಿಭಾಗದ ಪರದೆ ಅಲುಗಾಡದೆ ನಿಲ್ಲುತ್ತಿತ್ತು. ಯಾರೋ ಫೋನ್ ಮಾಡಿ ಗೊಣಗುತ್ತಿದ್ದರು. ಬ ಬಂದ ಕೂಡಲೇ ಕೆಲಸ ಮುಂದುವರಿಯುತ್ತಿತ್ತು, ಒಂದಕ್ಷರವೂ ಹೋಗುತ್ತಿರಲಿಲ್ಲ. ನಿಲ್ಲುವುದು ದೋಷವಲ್ಲ, ರಕ್ಷಣೆ. ಇದನ್ನು ಮೇಲಿನವರಿಗೆ ಮೊದಲೇ, ಲಿಖಿತವಾಗಿ ತಿಳಿಸಿ. ಫೋನ್ ಬಂದಾಗ ವಿವರಿಸಲು ಹೊರಟರೆ ಯಾರೂ ಕೇಳುವುದಿಲ್ಲ.

ಎರಡೇ ಪ್ರತಿಗಳ ವ್ಯವಸ್ಥೆಯ ತೊಂದರೆಯೂ ಇದರ ಸೋದರಿಯೇ. ನಡುವಿನ ಕೇಬಲ್ ಕಡಿದರೆ ಎರಡು ಸರ್ವರ್‌ಗಳೂ ‘ಇನ್ನೊಂದು ಸತ್ತಿದೆ’ ಎಂದು ತಿಳಿದು ತಮ್ಮಷ್ಟಕ್ಕೆ ಬರೆಯತೊಡಗುತ್ತವೆ. ಕೇಬಲ್ ಸರಿಹೋದಾಗ ಒಂದೇ ಫೈಲಿಗೆ ಎರಡು ಸತ್ಯ. ಎರಡು ಪ್ರತಿಗಳ ವಾಲ್ಯೂಮ್ (ಸಂಗ್ರಹ) ಮಾಡಲು ಹೊರಟರೆ ಗ್ಲಸ್ಟರ್ ಇದನ್ನು ಹೇಳಿ ‘ಮುಂದುವರಿಯಬೇಕೇ?’ ಎಂದು ಕೇಳುತ್ತದೆ. ಜನ ಓದದೆ ‘ವೈ’ ಒತ್ತುತ್ತಾರೆ.

ಸೆಫ್‌ನಲ್ಲಿ ಯಾರು ಬದುಕಿದ್ದಾರೆ, ಯಾರಿಲ್ಲ ಎಂದು ತೀರ್ಮಾನಿಸುವವು ಮಾನಿಟರ್ ಎಂಬ ಪುಟ್ಟ ತಂತ್ರಾಂಶಗಳು, ಅದೂ ಬಹುಮತದಿಂದ. ಮೂರಿದ್ದರೆ ಎರಡು ಒಪ್ಪಬೇಕು, ಒಂದು ಸತ್ತರೂ ನಡೆಯುತ್ತದೆ. ನಾಲ್ಕಿದ್ದರೆ ಮೂರು ಒಪ್ಪಬೇಕು, ಆಗಲೂ ಸಾಯಬಹುದಾದದ್ದು ಒಂದೇ. ನಾಲ್ಕನೆಯದರಿಂದ ಬಂದ ಲಾಭ ಸೊನ್ನೆ. ಮೂರು ಇಡಿ, ಇಲ್ಲವೇ ಐದು. ಆ ಮೂರೂ ಒಂದೇ ಯುಪಿಎಸ್, ಒಂದೇ ನೆಟ್‌ವರ್ಕ್ ಸ್ವಿಚ್ಚಿನಲ್ಲಿದ್ದರೆ ಈ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಇವುಗಳ ಗಡಿಯಾರಗಳ ನಡುವೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೂ ಸೆಫ್ ತಕರಾರು ತೆಗೆಯುತ್ತದೆ. ಸಮಯ ಹೊಂದಿಸುವ ಸೇವೆಯನ್ನು ಮೊದಲ ದಿನವೇ ಚಾಲೂ ಮಾಡಿ.

ಹಂತ 5: ಡಿಸ್ಕ್ ಮತ್ತು ಕೇಬಲ್

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಸರ್ವರ್ ಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ. ಹಳೆಯ ಡಿಸ್ಕ್ ಮಾತ್ರ ಬೇಡವೇ ಬೇಡ. ಹೊಸದರಲ್ಲೂ ‘ಎಸ್‌ಎಂಆರ್’ ಎಂಬುದನ್ನು ದೂರವಿಡಿ. ಅದರಲ್ಲಿ ದತ್ತಾಂಶದ ಸಾಲುಗಳು ಹೆಂಚಿನ ಹಾಗೆ ಒಂದರ ಮೇಲೊಂದು ಹಾಯ್ದಿರುತ್ತವೆ; ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು, ಹೋದ ಪ್ರತಿಯನ್ನು ಮತ್ತೆ ಕಟ್ಟುವ ಹೊತ್ತಿಗೆ ವೇಗ ನೆಲಕಚ್ಚುತ್ತದೆ. ಎನ್‌ಎಎಸ್‌ಗೆಂದೇ ಮಾರುತ್ತಿದ್ದ ಕೆಲವು ಡಿಸ್ಕ್‌ಗಳಲ್ಲೂ ಇದೇ ತಂತ್ರ ಇದ್ದದ್ದು 2020ರಲ್ಲಿ ಬಯಲಾಗಿ ದೊಡ್ಡ ಗದ್ದಲವಾಗಿತ್ತು. ಮಾದರಿ ಸಂಖ್ಯೆ ನೋಡದೆ ಹಣ ಕೊಡಬೇಡಿ.

ಎಸ್‌ಎಸ್‌ಡಿ ಆದರೆ, ವಿದ್ಯುತ್ ಹೋದ ಕ್ಷಣದಲ್ಲಿ ಕೈಯಲ್ಲಿರುವುದನ್ನು ಬರೆದು ಮುಗಿಸುವಷ್ಟು ಶಕ್ತಿಯನ್ನು ಕೆಪಾಸಿಟರ್‌ಗಳಲ್ಲಿ ಕೂಡಿಟ್ಟುಕೊಳ್ಳುವಂಥದ್ದೇ ಬೇಕು. ಆಟಕ್ಕೆಂದು ಮಾರುವ ಎಸ್‌ಎಸ್‌ಡಿಯ ಡಬ್ಬಿಯ ಮೇಲಿನ ವೇಗದ ಅಂಕಿ ಇಲ್ಲಿ ಕೆಲಸಕ್ಕೆ ಬಾರದು. ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ ತೋರಿಸುವ ರೇಡ್ ಕಾರ್ಡ್ ಬೇಡ. ಡಿಸ್ಕ್‌ಗಳನ್ನು ಸೆಫ್ ನೇರವಾಗಿ ನೋಡಲಿ.

ನೆಟ್‌ವರ್ಕ್ 10 ಗಿಗಾಬಿಟ್ ಇರಲಿ. ಮೇಲಿನ ಲೆಕ್ಕದ ಪ್ರಕಾರ ತುಂಬಿದ ಒಂದು ಸರ್ವರ್ ಹೋದರೆ ಉಳಿದ ಮೂರೂ ತಲಾ 2.5 ಟಿಬಿ ಬರೆದುಕೊಳ್ಳಬೇಕು. ಒಂದು ಗಿಗಾಬಿಟ್ ಕೇಬಲ್ಲಿನಲ್ಲಿ, ಬೇರೆ ಯಾರೂ ಬಳಸದಿದ್ದರೂ, ಅದಕ್ಕೆ ಐದೂವರೆ ಗಂಟೆಗೂ ಹೆಚ್ಚು ಬೇಕು. ಅಷ್ಟು ಹೊತ್ತೂ ಕೆಲವು ಫೈಲ್‌ಗಳು ಎರಡೇ ಪ್ರತಿಗಳಲ್ಲಿರುತ್ತವೆ.

ಹಂತ 6: ಅಳವಡಿಕೆ

ಸೆಫ್‌ಎಡಿಎಂ ಎಂಬ ಸಾಧನವಿದೆ, ಅಧಿಕೃತ ಕೈಪಿಡಿಯಂತೆ ನಡೆಸಿ. ಮಧ್ಯಾಹ್ನದೊಳಗೆ ಮುಗಿಯುತ್ತದೆ.

ಹಂತ 7: ಫೋಲ್ಡರ್ ರಚನೆ

ಒಂದೇ ಫೋಲ್ಡರಿನಲ್ಲಿ ಹತ್ತು ಲಕ್ಷ ಫೋಟೊ ಸುರಿಯಬೇಡಿ. ವರ್ಷ, ತಿಂಗಳು, ದಿನ ಎಂದು ಒಡೆಯಿರಿ. ಡೇಟಾ ಎಷ್ಟೇ ಹಂಚಿದರೂ ಫೈಲಿನ ಹೆಸರು, ಅಳತೆ, ಅನುಮತಿಗಳನ್ನು ನೋಡಿಕೊಳ್ಳುವ ಸರ್ವರಿಗೆ ಹೊರೆಯಾಗುವುದು ಟಿಬಿಯಲ್ಲ, ಫೈಲ್‌ಗಳ ಸಂಖ್ಯೆ. ಭಾರಿ ದತ್ತಾಂಶ ಸಂಸ್ಕರಿಸುವ ತಂತ್ರಾಂಶವಾದ ಹಡೂಪ್‌ನ ಫೈಲ್ ವ್ಯವಸ್ಥೆ 128 ಎಂಬಿಯ ದೊಡ್ಡ ತುಣುಕುಗಳಲ್ಲಿ ಇಡುವುದಕ್ಕೂ, ಚಿಕ್ಕ ಫೈಲ್‌ಗಳನ್ನು ಕಂಡರೆ ಮುಗ್ಗರಿಸುವುದಕ್ಕೂ ಕಾರಣ ಇದೇ. ಮತ್ತೆ ತಿದ್ದದ ಹಳೆಯ ಚಿಕ್ಕ ಫೈಲ್‌ಗಳನ್ನು ತಿಂಗಳಿಗೊಂದು ಕಟ್ಟು ಮಾಡಿ ಇಡಿ.

ಹಂತ 8: ಕೆಡಿಸಿ ನೋಡಿ

ನಿಜವಾದ ಡೇಟಾ ಹಾಕುವ ಮೊದಲು ಒಂದು ದೊಡ್ಡ ವಿಡಿಯೊ ನಕಲು ಮಾಡಲು ಶುರುಮಾಡಿ, ಅರ್ಧ ದಾರಿಯಲ್ಲಿ ಒಂದು ಸರ್ವರಿನ ಪವರ್ ಕೇಬಲ್ ಕಿತ್ತುಹಾಕಿ. ‘ಶಟ್‌ಡೌನ್’ ಆದೇಶ ಕೊಡಬೇಡಿ; ಅದು ಹೇಳಿಕೇಳಿ ಹೋದಂತೆ, ಸಾವು ಹಾಗೆ ಬರುವುದಿಲ್ಲ. ನಕಲು ಸುಮಾರು ಇಪ್ಪತ್ತು ಸೆಕೆಂಡು ತಡವರಿಸಿ ಮುಂದುವರಿಯಬೇಕು. ಹತ್ತು ನಿಮಿಷ ಕಾದು ಸೆಫ್ ತಾನೇ ಮೂರನೆಯ ಪ್ರತಿ ಕಟ್ಟಲು ತೊಡಗಬೇಕು. ಎಲ್ಲ ಮುಗಿದಮೇಲೆ ಮೂಲ ಮತ್ತು ನಕಲಿನ ಶಾ-256 ಮೊತ್ತಗಳನ್ನು (ಫೈಲಿನ ಬೆರಳಚ್ಚಿನಂಥ ಸಂಖ್ಯೆಗಳನ್ನು) ಹೋಲಿಸಿ. ಮರುದಿನ ಯುಪಿಎಸ್‌ಗೂ ಇದೇ ಪರೀಕ್ಷೆ. ಗುತ್ತಿಗೆದಾರರು ಈ ಹಂತಕ್ಕೆ ಒಪ್ಪದಿದ್ದರೆ ಕೊನೆಯ ಕಂತಿನ ಹಣ ಬಿಡುಗಡೆ ಮಾಡಬೇಡಿ.

ಹಂತ 9: ಬ್ಯಾಕಪ್ ಪ್ರತ್ಯೇಕ

ಮೂರು ಪ್ರತಿ ಎಂದರೆ ಬ್ಯಾಕಪ್ ಅಲ್ಲ. ಅಳಿಸಿದ ಫೈಲ್ ಮೂರೂ ಕಡೆ ಅಳಿಯುತ್ತದೆ, ಸುಲಿಗೆ ವೈರಸ್ ಬೀಗ ಹಾಕಿದರೆ ಮೂರೂ ಕಡೆ ಬೀಗ. ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ದಾಖಲೆ) ದಿನವೂ ತೆಗೆಯಿರಿ, ಜೊತೆಗೆ ಬೇರೆ ಊರಿನಲ್ಲಿ, ಸೆಫ್ ಅಲ್ಲದ ಬೇರೆ ವ್ಯವಸ್ಥೆಯಲ್ಲಿ ಒಂದು ಪ್ರತಿ ಇರಲಿ. ತಿಂಗಳಿಗೊಮ್ಮೆ ಅಲ್ಲಿಂದ ಒಂದು ಫೋಲ್ಡರ್ ವಾಪಸ್ ತಂದು ತೆರೆದು ನೋಡಿ.

ಹಂತ 10: ಲೇಬಲ್

ಇದನ್ನು ಕೈಪಿಡಿಗಳಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಡಿಸ್ಕ್‌ನ ಸರಣಿ ಸಂಖ್ಯೆ ಅದರ ಮೈಮೇಲೆ ಇರುತ್ತದೆ, ಒಳಗೆ ಹಾಕಿದಮೇಲೆ ಕಾಣುವುದಿಲ್ಲ. ಸೆಫ್ ‘ಈ ಸಂಖ್ಯೆಯ ಡಿಸ್ಕ್ ಕೆಟ್ಟಿದೆ’ ಎನ್ನುತ್ತದೆ, ರಾತ್ರಿ ಪಾಳಿಯವರು ಅಂದಾಜಿನ ಮೇಲೆ ಪಕ್ಕದ ಒಳ್ಳೆಯ ಡಿಸ್ಕ್ ಎಳೆಯುತ್ತಾರೆ. ಒಳಗೆ ಹಾಕುವ ಮೊದಲೇ ಸಂಖ್ಯೆಯ ಕೊನೆಯ ಆರು ಅಕ್ಷರಗಳನ್ನು ಮುದ್ರಿಸಿ ಟ್ರೇಯ ಮುಂಭಾಗಕ್ಕೆ ಅಂಟಿಸಿ. ಪೆನ್ನಿನಲ್ಲಿ ಬರೆಯಬೇಡಿ, ಕ್ರಮೇಣ ಮಾಸಿಹೋಗುತ್ತದೆ.