ಅಂಗಳದ ಅಡಿಕೆಗೆ ಕ್ಯಾಮೆರಾ ಕಾವಲು: ತಂತಿ, ಕರೆಂಟು, ಮಳೆ, ಸಿಡಿಲು

ತೋಟದ ಮನೆಗೆ ಕ್ಯಾಮೆರಾ ಹಾಕುವ ಮೊದಲು ಕಾಯಬೇಕಾದದ್ದು ಏನು ಎಂಬುದು ನಿಶ್ಚಯವಾಗಬೇಕು. ಪುತ್ತೂರು ಕಡೆಯ ಮನೆಗಳಲ್ಲಿ ಚಾಲಿಗೆ (ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಲು) ಹಾಕಿದ ಅಡಿಕೆ ನಲವತ್ತು ದಿನದಷ್ಟು ಅಂಗಳದಲ್ಲೇ ಇರುತ್ತದೆ. ಸುಲಿದ ಮೇಲೆ ಗೋಣಿ ತುಂಬಿ ಕೋಣೆ ಸೇರುತ್ತದೆ. ಗೇಟು ಮನೆಯಿಂದ ಕಾಣುವುದಿಲ್ಲ. ಹಾಗಾಗಿ ನಾನು ನಾಲ್ಕು ಜಾಗಕ್ಕೆ ಲೆಕ್ಕ ಹಾಕಿದೆ: ಎದುರು ಬಾಗಿಲು, ಅಂಗಳ, ಅಡಿಕೆ ಕೋಣೆಯ ಬಾಗಿಲು, 140 ಮೀಟರ್ ಆಚೆಯ ಗೇಟು. ನಾಲ್ಕೂ 4 ಮೆಗಾಪಿಕ್ಸೆಲ್ ಐಪಿ ಕ್ಯಾಮೆರಾಗಳು (ನೆಟ್‌ವರ್ಕ್ ತಂತಿಯಲ್ಲಿ ಚಿತ್ರ ಕಳಿಸುವಂಥವು), ಆ ಚಿತ್ರ ರೆಕಾರ್ಡ್ ಮಾಡಲು ಎಂಟು ಚಾನೆಲ್ಲಿನ ಒಂದು ಎನ್‌ವಿಆರ್, ಬೇರೆಯಾಗಿ ಒಂದು ಪಿಒಇ ಸ್ವಿಚ್, ಅಂದರೆ ಅದೇ ತಂತಿಯಲ್ಲಿ ಕ್ಯಾಮೆರಾಕ್ಕೆ ಕರೆಂಟನ್ನೂ ಕೊಡುವ ಪೆಟ್ಟಿಗೆ. ಪಿಒಇ ಪೋರ್ಟುಗಳು ಎನ್‌ವಿಆರ್‌ನಲ್ಲೇ ಇರುವ ಮಾದರಿಯೂ ಸಿಗುತ್ತದೆ. ಆದರೆ ಸ್ವಿಚ್ ಬೇರೆ ಇದ್ದರೆ ಲ್ಯಾಪ್‌ಟಾಪ್ ಚುಚ್ಚಿ ಒಂದೊಂದೇ ಕ್ಯಾಮೆರಾವನ್ನು ನೇರವಾಗಿ ನೋಡಬಹುದು, ದೋಷ ಹುಡುಕುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ ಎಲ್ಲರೂ ಮೆಗಾಪಿಕ್ಸೆಲ್ ಕೇಳುತ್ತಾರೆ. ಆದರೆ ಕೆಡುವ ವ್ಯವಸ್ಥೆಗಳಲ್ಲಿ ಹೆಚ್ಚಿನವು ಕೆಡುವುದು ತಂತಿಯಲ್ಲಿ, ಜೋಡಣೆಯಲ್ಲಿ, ಕರೆಂಟಿನಲ್ಲಿ. ಹಣ ಉಳಿಸಲೇಬೇಕಿದ್ದರೆ ಒಂದು ಕ್ಯಾಮೆರಾ ಕಡಿಮೆ ಹಾಕಿ, ಕೇಬಲ್ಲಿನಲ್ಲಿ ಉಳಿಸಬೇಡಿ.

ಯಾಕೆಂದು ಲೆಕ್ಕದಲ್ಲೇ ನೋಡಬಹುದು. ಹಳೆಯ ಡಿವಿಆರ್ (ಐಪಿ ಅಲ್ಲದ ಕ್ಯಾಮೆರಾಗಳ ರೆಕಾರ್ಡರ್) ಪದ್ಧತಿಯಲ್ಲಿ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈಯಿಂದ 12 ವೋಲ್ಟ್ ನೇರವಾಗಿ ಸಪೂರ ತಂತಿಯಲ್ಲಿ ಕ್ಯಾಮೆರಾದವರೆಗೆ ಹೋಗುತ್ತದೆ. 24 ಗೇಜಿನ ಶುದ್ಧ ತಾಮ್ರದ ಎಳೆಗೆ 100 ಮೀಟರಿಗೆ ಸುಮಾರು 8.4 ಓಮ್ ತಡೆ. ಕ್ಯಾಮೆರಾ 60 ಮೀಟರ್ ದೂರದಲ್ಲಿದ್ದರೆ ಹೋಗಿಬರುವ ದಾರಿ 120 ಮೀಟರ್, ಅಂದರೆ ಹತ್ತು ಓಮ್. ರಾತ್ರಿ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ದೀಪ ಹೊತ್ತಿದಾಗ ಕ್ಯಾಮೆರಾ ಅರ್ಧ ಆಂಪಿಯರ್ ಎಳೆದರೆ ದಾರಿಯಲ್ಲೇ 5 ವೋಲ್ಟ್ ಕಳೆದುಹೋಗುತ್ತದೆ, ಕ್ಯಾಮೆರಾಕ್ಕೆ ಸಿಗುವುದು ಏಳು. ಅದು ಆರಿ ಮತ್ತೆ ಹೊತ್ತುತ್ತದೆ, ಐಆರ್ ಬಂದ ಕೂಡಲೇ ಮತ್ತೆ ಆರುತ್ತದೆ. 'ಹಗಲು ಸರಿ ಇರುತ್ತದೆ, ಕತ್ತಲಾದ ಮೇಲೆ ಚಿತ್ರ ಬಂದು ಬಂದು ಹೋಗುತ್ತದೆ' ಎಂಬ ದೂರಿನ ಮೂಲ ಬಹುತೇಕ ಇದೇ. ಪಿಒಇಯಲ್ಲಿ ಅದೇ 6 ವ್ಯಾಟ್ 48 ವೋಲ್ಟಿನಲ್ಲಿ ಹೋಗುವುದರಿಂದ ಎಳೆಯುವುದು ಬರೀ 0.125 ಆಂಪಿಯರ್. ಅಷ್ಟೇ ತಡೆಯ ದಾರಿಯಲ್ಲಿ ಕಳೆಯುವುದು ಒಂದೂಕಾಲು ವೋಲ್ಟ್, 48ರಲ್ಲಿ ಅದು ಲೆಕ್ಕಕ್ಕೇ ಇಲ್ಲ.

ಕೇಬಲ್ ಶುದ್ಧ ತಾಮ್ರದ ಕ್ಯಾಟ್6 (ಎಂಟು ಎಳೆಗಳನ್ನು ನಾಲ್ಕು ಜೋಡಿಯಾಗಿ ಹೊಸೆದ ನೆಟ್‌ವರ್ಕ್ ತಂತಿ) ಆಗಿರಬೇಕು. ಅರ್ಧ ದರಕ್ಕೆ ಸಿಗುವುದು ತಾಮ್ರದ ಲೇಪದ ಅಲ್ಯೂಮಿನಿಯಂ. ಅದರ ತಡೆ ಒಂದೂವರೆ ಪಟ್ಟಿಗೂ ಹೆಚ್ಚು, ಬಗ್ಗಿಸಿದರೆ ಮುರಿಯುತ್ತದೆ, ನಮ್ಮ ತೇವದಲ್ಲಿ ಕ್ಲಿಪ್ಪಿನೊಳಗೆ ಬೇಗ ಹಾಳಾಗುತ್ತದೆ. ಡಬ್ಬದ ಮೇಲೆ ಬರೆದದ್ದನ್ನು ನಂಬದೆ ಒಂದು ಎಳೆಯನ್ನು ಬ್ಲೇಡಿನಲ್ಲಿ ಹೆರೆಯಿರಿ. ಒಳಗೆ ಬಿಳಿ ಕಂಡರೆ ವಾಪಸು ಕೊಡಿ. ಈಗಾಗಲೇ ಎಳೆದಿರುವ ಕೇಬಲ್ ಆದರೆ ದೂರದ ತುದಿಯಲ್ಲಿ ಒಂದು ಜೋಡಿಯ ಎರಡೂ ಎಳೆ ಸೇರಿಸಿ ಈ ತುದಿಯಲ್ಲಿ ಮಲ್ಟಿಮೀಟರ್ ಇಡಿ. 60 ಮೀಟರಿಗೆ ಎಂಟರಿಂದ ಹತ್ತು ಓಮ್ ಬಂದರೆ ತಾಮ್ರ. ಹದಿಮೂರು, ಹದಿನೈದು ತೋರಿಸಿದರೆ ಕೇಬಲ್ ಕಳಪೆ ಅಥವಾ ನಡುವೆ ಎಲ್ಲೋ ಜೋಡಣೆ ಸಡಿಲ.

ಕೇಬಲ್ಲಿನ ತುದಿಗೆ ಆರ್‌ಜೆ-45 ಕ್ಲಿಪ್ಪು ಒತ್ತುವಾಗ ಬಣ್ಣದ ಕ್ರಮ ತಪ್ಪಬಾರದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕೆಲವರು ಜೋಡಿ ಜೋಡಿಯಾಗಿ ಸಾಲಿಗೆ ಹಾಕಿ, ಎರಡೂ ತುದಿ ಒಂದೇ ರೀತಿ ಇದ್ದರೆ ಸಾಕು ಎನ್ನುತ್ತಾರೆ. ಒಂಬತ್ತು ದೀಪದ ಅಗ್ಗದ ಟೆಸ್ಟರ್ ಕೂಡ ಸರಿ ಎಂದೇ ತೋರಿಸುತ್ತದೆ. ಆದರೆ 3 ಮತ್ತು 6ನೇ ಪಿನ್ನಿನ ಸಂಕೇತ ಒಂದೇ ಹೊಸೆದ ಜೋಡಿಯಲ್ಲಿ ಹೋಗಬೇಕು. ಸಾಲಿಗೆ ಹಾಕಿದಾಗ ಅದು ಎರಡು ಬೇರೆ ಜೋಡಿಗಳಿಗೆ ಹಂಚಿಹೋಗುತ್ತದೆ, ಒಂದರ ಸದ್ದು ಇನ್ನೊಂದರೊಳಗೆ ಸೇರುತ್ತದೆ. ಐದು ಮೀಟರಿನಲ್ಲಿ ಏನೂ ಗೊತ್ತಾಗದು. ಐವತ್ತು ಮೀಟರಿನಲ್ಲಿ ಚಿತ್ರ ತಡವರಿಸುತ್ತದೆ, ಕ್ಯಾಮೆರಾ ಆಗಾಗ 'ಆಫ್‌ಲೈನ್' ಆಗುತ್ತದೆ.

ಗೇಟಿನದ್ದೇ ಬೇರೆ ಕಥೆ. ತಾಮ್ರದ ಈಥರ್ನೆಟ್ಟಿಗೆ ಮಿತಿ 100 ಮೀಟರ್. ಕೆಲವು ಪಿಒಇ ಸ್ವಿಚ್ಚುಗಳಲ್ಲಿ 'ಎಕ್ಸ್‌ಟೆಂಡ್' ಎಂಬ ಗುಂಡಿ ಇದೆ, ವೇಗ 10 ಎಂಬಿಪಿಎಸ್‌ಗೆ ಇಳಿದು 250 ಮೀಟರ್‌ವರೆಗೂ ಹೋಗುತ್ತದೆ. ಒಂದು ಕ್ಯಾಮೆರಾಕ್ಕೆ ಅದು ಸಾಕೂ ಆಗುತ್ತದೆ. ನಾನು ಅದನ್ನು ಬಿಟ್ಟದ್ದು ಸಿಡಿಲಿನ ಕಾರಣಕ್ಕೆ. ಏಪ್ರಿಲ್, ಮೇ, ಮತ್ತೆ ಅಕ್ಟೋಬರಿನ ಸಂಜೆಗಳಲ್ಲಿ ನಮ್ಮಲ್ಲಿ ಬೀಳುವ ಸಿಡಿಲಿಗೆ ತೋಟದ ನಡುವೆ ಮಲಗಿದ 140 ಮೀಟರ್ ತಾಮ್ರ ಒಳ್ಳೆಯ ದಾರಿ. ನೇರವಾಗಿ ಹೊಡೆಯಬೇಕೆಂದೇನಿಲ್ಲ, ಹತ್ತಿರದ ತೆಂಗಿನ ಮರಕ್ಕೆ ಬಿದ್ದರೂ ತಂತಿಯಲ್ಲಿ ಹುಟ್ಟುವ ವೋಲ್ಟೇಜು ಸ್ವಿಚ್, ಎನ್‌ವಿಆರ್, ರೂಟರ್ ಮೂರನ್ನೂ ಒಟ್ಟಿಗೆ ಸುಡುತ್ತದೆ. ಅದಕ್ಕೇ ಗೇಟಿಗೆ ಫೈಬರ್ (ಗಾಜಿನ ಎಳೆಯ ಕೇಬಲ್) ಹಾಕಿದೆ, ಅದರಲ್ಲಿ ಹೋಗುವುದು ಬೆಳಕು ಮಾತ್ರ.

ಎರಡು ಕೋರಿನ ಸಿಂಗಲ್ ಮೋಡ್ ಫೈಬರನ್ನು ನೀರಾವರಿಯ ಎಚ್‌ಡಿಪಿಇ ಪೈಪಿನೊಳಗೆ ತೂರಿಸಿ ಎರಡಡಿ ಆಳದಲ್ಲಿ ಹೂತಿದ್ದೇನೆ. ಕೆಲಸ ಮಾಡುವುದು ಒಂದೇ ಕೋರು, ಇನ್ನೊಂದು ಮೀಸಲು. ಕೇಬಲ್ಲಿನ ಉಕ್ಕಿನ ಕವಚವನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು, ಮನೆಯೊಳಗಿನ ಯಾವ ಲೋಹಕ್ಕೂ ಅದು ತಾಗಬಾರದು. ಇಲ್ಲದಿದ್ದರೆ ಫೈಬರ್ ಹಾಕಿದ್ದೇ ವ್ಯರ್ಥ. ಎರಡು ತುದಿಗೂ ಬೆಳಕನ್ನು ತಾಮ್ರದ ತಂತಿಯ ಸಂಕೇತವಾಗಿ, ಅದನ್ನು ಮತ್ತೆ ಬೆಳಕಾಗಿ ಬದಲಿಸುವ ಮೀಡಿಯಾ ಕನ್ವರ್ಟರ್ ಬೇಕು. ಒಂದೇ ಕೋರಿನ ಕನ್ವರ್ಟರುಗಳು ಎ ಮತ್ತು ಬಿ ಎಂದು ಜೋಡಿಯಾಗಿ ಬರುತ್ತವೆ. ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಕೇಳಿದರೆ ಇನ್ನೊಂದು ಅದರ ತಿರುವುಮುರುವು. ಎರಡು 'ಎ' ತಂದರೆ ದೀಪ ಹೊತ್ತುವುದೇ ಇಲ್ಲ. ಇನ್ನೂ ಒಂದು ಸೂಕ್ಷ್ಮ: ತುದಿ ಬೆಸೆಯಲು ಬರುವ ಇಂಟರ್ನೆಟ್ಟಿನ ಹುಡುಗರ ಚೀಲದಲ್ಲಿ ಇರುವುದು ಸಾಮಾನ್ಯವಾಗಿ ಹಸಿರು ಕನೆಕ್ಟರ್, ಅದರ ಮುಖ ಓರೆ. ಮೀಡಿಯಾ ಕನ್ವರ್ಟರಿಗೆ ಬೇಕಾದದ್ದು ನೀಲಿ. ಹಸಿರನ್ನು ಒತ್ತಿ ಕೂರಿಸಿದರೂ ಕೂರುತ್ತದೆ, ಆದರೆ ಬೆಳಕು ಸೋರಿ ಸಂಪರ್ಕ ಬಂದು ಹೋಗುತ್ತದೆ. ನೀಲಿ ತರಲು ಮೊದಲೇ ಹೇಳಿಡಿ.

ಫೈಬರಿನಲ್ಲಿ ಕರೆಂಟು ಹೋಗುವುದಿಲ್ಲವಾದ್ದರಿಂದ ಗೇಟಿನಲ್ಲೇ ವ್ಯವಸ್ಥೆ ಬೇಕು. ಗೇಟಿನ ದೀಪದ ಲೈನಿನಿಂದ 12 ವೋಲ್ಟಿನ ಚಾರ್ಜರ್, ಅದಕ್ಕೆ 7 ಆಂಪಿಯರ್-ಅವರಿನ ಮುಚ್ಚಿದ ಬ್ಯಾಟರಿ. ಕ್ಯಾಮೆರಾ ಬ್ಯಾಟರಿಯಿಂದ ನೇರ, ಕನ್ವರ್ಟರಿಗೆ 5 ವೋಲ್ಟಿಗೆ ಇಳಿಸುವ ಚಿಕ್ಕ ಬೋರ್ಡು. ಎರಡೂ ಸೇರಿ ಎಂಟೊಂಬತ್ತು ವ್ಯಾಟ್, ಬ್ಯಾಟರಿ ಹೊಸದಿರುವಾಗ ಸುಮಾರು ಆರು ಗಂಟೆ ಹೊತ್ತು ಎಳೆಯುತ್ತದೆ. ಚಾರ್ಜಾಗುವಾಗ ಬ್ಯಾಟರಿ 13.8 ವೋಲ್ಟ್ ಮುಟ್ಟುವುದರಿಂದ ಕ್ಯಾಮೆರಾದ ವಿವರಪಟ್ಟಿಯಲ್ಲಿ '12 ವೋಲ್ಟ್, ಶೇ. 25 ಹೆಚ್ಚು-ಕಡಿಮೆ' ಎಂದಿರುವುದನ್ನು ನೋಡಿಕೊಂಡು ತನ್ನಿ.

ಮನೆಯ ಮೂರು ಕ್ಯಾಮೆರಾಗಳ ತಂತಿ ಚಿಕ್ಕದು, ಸೂರಿನಡಿಯಲ್ಲೇ ಹೋಗುತ್ತದೆ. ಆದರೂ ಅಂಗಳದ್ದಕ್ಕೆ ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕಿಳಿಸುವ ಪಿಒಇ ಸರ್ಜ್ ಪ್ರೊಟೆಕ್ಟರ್ ಹಾಕಿ ಅದರ ಹಸಿರು ತಂತಿಯನ್ನು ಮನೆಯ ಅರ್ತಿಂಗಿಗೇ ಸೇರಿಸಿದ್ದೇನೆ. ಅರ್ತ್ ಇಲ್ಲದ ಸರ್ಜ್ ಪ್ರೊಟೆಕ್ಟರ್ ಬರೀ ಡಬ್ಬ.

ಎಷ್ಟು ಎತ್ತರ, ಯಾವ ಲೆನ್ಸ್? ಮುಖ ಗುರುತು ಹಿಡಿಯಲು ದೃಶ್ಯದ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಎಂಬುದು 2014ರ ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನಕದ ಲೆಕ್ಕ. 4 ಮೆಗಾಪಿಕ್ಸೆಲ್ ಚಿತ್ರದ ಅಗಲ 2560 ಪಿಕ್ಸೆಲ್, ಅಂದರೆ ಹತ್ತು ಮೀಟರ್ ಅಗಲದ ದೃಶ್ಯದವರೆಗೆ ಮಾತ್ರ. ಸುಮಾರು 100 ಡಿಗ್ರಿ ನೋಡುವ 2.8 ಮಿ.ಮೀ. ಲೆನ್ಸಿನಲ್ಲಿ ಆ ಅಗಲ ನಾಲ್ಕು ಮೀಟರ್ ದೂರಕ್ಕೇ ಬಂದುಬಿಡುತ್ತದೆ, 4 ಮಿ.ಮೀ. ಲೆನ್ಸಿನಲ್ಲಿ ಆರು ಮೀಟರಿಗೆ, 6 ಮಿ.ಮೀ.ನಲ್ಲಿ ಹನ್ನೊಂದಕ್ಕೆ. ಹೀಗಾಗಿ ಅಂಗಳಕ್ಕೆ 2.8 ಹಾಕಿದೆ, ಅಲ್ಲಿ ಯಾರೋ ಓಡಾಡಿದ್ದು ಗೊತ್ತಾದರೆ ಸಾಕು. ಗೇಟಿಗೆ 6, ಅಲ್ಲಿ ಮುಖವೇ ಬೇಕು. ಎತ್ತರ ಎಂಟೊಂಬತ್ತು ಅಡಿ. ಕಳ್ಳನ ಕೈಗೆ ಸಿಗಬಾರದೆಂದು ಮಾಡಿನ ತುದಿಗೇರಿಸಿದರೆ ಮುಟ್ಟಾಳೆ, ಟೋಪಿಗಳ ನೆತ್ತಿ ಮಾತ್ರ ರೆಕಾರ್ಡಾಗುತ್ತದೆ. ಪಕ್ಕದವರ ಮನೆಯಂಗಳ ಚೌಕಟ್ಟಿನೊಳಗೆ ಬಂದರೆ ಆ ಭಾಗವನ್ನು ಸೆಟ್ಟಿಂಗಿನ ಪ್ರೈವೆಸಿ ಮಾಸ್ಕಿನಿಂದ ಮುಚ್ಚಿ.

ಮಳೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಊರಲ್ಲಿ 'ಐಪಿ67' ಎಂಬ ಜಲನಿರೋಧಕ ಮುದ್ರೆ ಕ್ಯಾಮೆರಾದ ಒಡಲಿಗೆ ಮಾತ್ರ ಅನ್ವಯಿಸುತ್ತದೆ. ಅದರ ಬಾಲದಲ್ಲಿ ನೇತಾಡುವ ಆರ್‌ಜೆ-45 ಕನೆಕ್ಟರ್ ನೀರಿಗೆ ತೆರೆದೇ ಇರುತ್ತದೆ. ಡಬ್ಬದಲ್ಲಿ ಬರುವ ಪ್ಲಾಸ್ಟಿಕ್ ಗ್ಲ್ಯಾಂಡನ್ನು ಎಸೆಯದೆ ಹಾಕಿ, ಮೇಲೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪು ಸುತ್ತಿ, ಎಲ್ಲವನ್ನೂ ಜಂಕ್ಷನ್ ಬಾಕ್ಸಿನೊಳಗೆ ಇಡಬೇಕು. ಕೇಬಲ್ ಪೆಟ್ಟಿಗೆಯ ಕೆಳಗಿನಿಂದ ಒಳಹೋಗಬೇಕು, ಅದಕ್ಕೂ ಮೊದಲು ಗೇಣುದ್ದ ಕೆಳಗೆ ಬಾಗಿ ಮೇಲೇರಬೇಕು, ಆಗ ಹರಿದುಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ನೀರಿನಷ್ಟೇ ಕಾಟ ಇರುವೆಯದ್ದು. ಬೆಚ್ಚಗಿನ ಪೆಟ್ಟಿಗೆಯಲ್ಲಿ ಮೊಟ್ಟೆಯಿಟ್ಟು ಪಿನ್ನುಗಳ ನಡುವೆ ಮಣ್ಣು ತುಂಬುತ್ತವೆ. ಸ್ಕ್ರೂ ಬಿಟ್ಟ ತೂತುಗಳಿಗೂ ಸಿಲಿಕಾನ್ ಹಚ್ಚಿ. ಕನೆಕ್ಟರಿನ ಪಿನ್ನಿನಲ್ಲಿ ಹಸಿರು ಕಿಲುಬು ಕಂಡರೆ ಒರೆಸಿ ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ, ಕ್ಲಿಪ್ಪು ಕತ್ತರಿಸಿ ಹೊಸದು ಒತ್ತಿ.

ರೆಕಾರ್ಡಿಂಗಿನ ಲೆಕ್ಕ ಸರಳ. ವಿಡಿಯೊ ಕುಗ್ಗಿಸುವ ಎಚ್.265 ವಿಧಾನದಲ್ಲಿ ಒಂದು ಕ್ಯಾಮೆರಾ 2 ಎಂಬಿಪಿಎಸ್ ಅಂದರೆ ದಿನಕ್ಕೆ 21.6 ಜಿಬಿ, ನಾಲ್ಕಕ್ಕೆ 86.4. 2 ಟಿಬಿ ಡಿಸ್ಕಿನಲ್ಲಿ ಮೂರು ವಾರ ಉಳಿಯುತ್ತದೆ. ಡಿಸ್ಕು ಇಡೀ ದಿನ ಬರೆಯಲೆಂದೇ ಮಾಡಿದ ಸರ್ವೇಲನ್ಸ್ ಜಾತಿಯದ್ದಾಗಿರಲಿ. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಆಯ್ಕೆ ತೋಟಕ್ಕೆ ಒಗ್ಗುವುದಿಲ್ಲ, ಅಡಿಕೆ ಸೋಗೆ ಅಲ್ಲಾಡಿದರೂ ಅದಕ್ಕೆ ಚಲನೆಯೇ. ರೆಕಾರ್ಡಿಂಗ್ ಸದಾ ಇರಲಿ, ಮೊಬೈಲಿಗೆ ಬರುವ ಸೂಚನೆಯನ್ನು ಮಾತ್ರ 'ಮನುಷ್ಯ' ಎಂಬುದಕ್ಕೆ ಸೀಮಿತಗೊಳಿಸಿ, ಅದೂ ರಾತ್ರಿ ಹೊತ್ತಿಗೆ.

ಗೇಟು ಬಿಟ್ಟು ಉಳಿದದ್ದಕ್ಕೆ ರೂಟರ್ ಸೇರಿ ಐವತ್ತು ವ್ಯಾಟ್ ಬೇಕು. ಮನೆಯ ಇನ್ವರ್ಟರಿನ 150 ಆಂಪಿಯರ್-ಅವರ್ ಬ್ಯಾಟರಿಗೆ ಅದು ಭಾರವಲ್ಲ. ತೊಂದರೆ ಇರುವುದು ಇನ್ವರ್ಟರಿನ ಹಿಂಬದಿಯ ಮೋಡ್ ಬದಲಿಸುವ ಸ್ವಿಚ್ಚಿನಲ್ಲಿ. ಸಾಮಾನ್ಯ ಮೋಡಿನಲ್ಲಿ ಕರೆಂಟು ಹೋದಾಗ ಬ್ಯಾಟರಿಗೆ ಹಾರಲು ತುಸು ಹೊತ್ತು ಹಿಡಿದು ಎನ್‌ವಿಆರ್ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೋಡಿನಲ್ಲಿ ಹಾಗಾಗದು, ಆದರೆ 180 ವೋಲ್ಟ್ ಸುಮಾರಿಗೆ ಇಳಿದ ಕೂಡಲೇ ಅದು ಬ್ಯಾಟರಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಪಂಪುಗಳೆಲ್ಲ ಓಡುವಾಗ ಲೈನು 170ಕ್ಕೆ ಬರುವ ಕಡೆ, ಕರೆಂಟು ಇದ್ದೂ ಬ್ಯಾಟರಿ ಖಾಲಿ. ಅಂಥಲ್ಲಿ ಇನ್ವರ್ಟರಿನ ಮೊದಲು ಸ್ಟೆಬಿಲೈಸರ್ ಬೇಕು.

ನೆಟ್‌ವರ್ಕಿನಲ್ಲಿ ಹೊಸ ಕ್ಯಾಮೆರಾಗಳೆಲ್ಲ ಒಂದೇ ವಿಳಾಸದಲ್ಲಿ ಎಚ್ಚರಗೊಳ್ಳುತ್ತವೆ, ಹಿಕ್‌ವಿಷನ್ ಆದರೆ 192.168.1.64, ದಹುವಾ ಆದರೆ 192.168.1.108. ನಾಲ್ಕನ್ನೂ ಒಟ್ಟಿಗೆ ಚುಚ್ಚಿದರೆ ವಿಳಾಸಕ್ಕೆ ಜಗಳ. ಒಂದೊಂದಾಗಿ ಚುಚ್ಚಿ, ರೂಟರ್ ತಾನಾಗಿ ಹಂಚುವ ಸಾಲಿನ ಹೊರಗಿನ ವಿಳಾಸ ಕೊಟ್ಟು, ಅದನ್ನು ಕ್ಯಾಮೆರಾದ ಮೇಲೇ ಬರೆದಿಡಿ. ಪಾಸ್‌ವರ್ಡ್ ಹಾಕಿದವರ ಕೈಯಲ್ಲಿ ಬಿಡದೆ ನೀವೇ ಬದಲಿಸಿ. 2016ರ ಮಿರಾಯ್ ಎಂಬ ಕುತಂತ್ರಾಂಶದ ದಾಳಿ ಹಬ್ಬಿದ್ದೇ ಕಾರ್ಖಾನೆಯ ಪಾಸ್‌ವರ್ಡ್ ಉಳಿಸಿಕೊಂಡ ಕ್ಯಾಮೆರಾ, ಡಿವಿಆರ್‌ಗಳ ಮೂಲಕ. ಹೊರಗಿನಿಂದ ನೋಡಲೆಂದು ರೂಟರಿನಲ್ಲಿ ಪೋರ್ಟು ತೆರೆಯಬೇಡಿ. ನಮ್ಮ ಹೆಚ್ಚಿನ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಹೊರವಿಳಾಸ ಇರುವುದರಿಂದ ಅದು ಕೆಲಸವನ್ನೂ ಮಾಡುವುದಿಲ್ಲ. ಕಂಪನಿಯ ಆ್ಯಪಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡುವ ದಾರಿಯೇ ಸಾಕು. ಹೊಸದಾಗಿ ಕೊಳ್ಳುವವರು ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯಾದ ಎಸ್‌ಟಿಕ್ಯೂಸಿಯ ಪ್ರಮಾಣಪತ್ರ ಕೇಳಿ, 2025ರ ಏಪ್ರಿಲ್ 9ರಿಂದ ಕ್ಯಾಮೆರಾಗಳಿಗೆ ಆ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ.

ಕ್ಯಾಮೆರಾ ಕಾಣದೆ ಹೋದಾಗ ಮೊದಲು ಸ್ವಿಚ್ಚಿನ ದೀಪ ನೋಡಿ. ಪಿಒಇ ದೀಪವೇ ಇಲ್ಲದಿದ್ದರೆ ಪೋರ್ಟು ಬದಲಿಸಿ. ಆಗಲೂ ಇಲ್ಲವೆಂದರೆ ಕ್ಯಾಮೆರಾ ಬಿಚ್ಚಿ ತಂದು ಒಂದು ಮೀಟರಿನ ತಂತಿಯಲ್ಲಿ ಸ್ವಿಚ್ಚಿಗೆ ಚುಚ್ಚಿ. ಅಲ್ಲಿ ಹೊತ್ತಿದರೆ ದೋಷ ಕೇಬಲ್ಲಿನದ್ದು ಅಥವಾ ಕ್ಲಿಪ್ಪಿನದ್ದು. ಪಿಒಇ ದೀಪ ಇದ್ದೂ ಚಿತ್ರ ಇಲ್ಲದಿದ್ದರೆ ವಿಳಾಸ ಅಥವಾ ಪಾಸ್‌ವರ್ಡಿನ ವಿಷಯ. ರಾತ್ರಿ ಚಿತ್ರ ಹಾಲು ಚೆಲ್ಲಿದಂತೆ ಬೆಳ್ಳಗಾದರೆ ಐಆರ್ ಬೆಳಕು ಹತ್ತಿರದ ಯಾವುದಕ್ಕೋ ಬಡಿದು ಮರಳುತ್ತಿದೆ: ಜೇಡನ ಬಲೆ, ಗಾಜಿನ ಮೇಲಿನ ಬೆರಳಚ್ಚು, ಪಕ್ಕದ ಸುಣ್ಣದ ಗೋಡೆ, ಅಂಗಳಕ್ಕೆ ಹೊದೆಸಿದ ಪ್ಲಾಸ್ಟಿಕ್ ಹಾಳೆ. ಬಲೆ ತೆಗೆದರೂ ಐಆರ್ ಬೆಚ್ಚಗಿರುವುದರಿಂದ ಜೇಡ ಮತ್ತೆ ಬರುತ್ತದೆ, ಕೋಲಿಗೆ ಮೆತ್ತನೆಯ ಬಟ್ಟೆ ಕಟ್ಟಿಟ್ಟುಕೊಳ್ಳಿ. ಹಗಲಲ್ಲಿ ಗಿಡಮರ ನೇರಳೆಗೆಂಪಾಗಿ ಕಂಡರೆ ಒಳಗಿನ ಐಆರ್ ಫಿಲ್ಟರ್ ಸಿಕ್ಕಿಕೊಂಡಿದೆ. ಸೆಟ್ಟಿಂಗಿನಲ್ಲಿ ಹಗಲು-ರಾತ್ರಿ ಬದಲಿಸಿ 'ಟಿಕ್' ಸದ್ದು ಕೇಳದಿದ್ದರೆ ರಿಪೇರಿಗೆ ಕಳಿಸಬೇಕಾದದ್ದೇ. ಮೊಬೈಲಿನಲ್ಲಿ ಮಾತ್ರ ಚಿತ್ರ ತಡೆತಡೆದು ಬಂದರೆ ಕಡಿಮೆ ಗುಣಮಟ್ಟದ ಸಬ್ ಸ್ಟ್ರೀಮಿಗೆ ಬದಲಿಸಿ.

ತಿಂಗಳಿಗೊಮ್ಮೆ ಹದಿನೈದು ದಿನ ಹಿಂದಿನ ಒಂದು ರಾತ್ರಿಯನ್ನು ಪ್ಲೇ ಮಾಡಿ ನೋಡಿ. ನೇರ ಚಿತ್ರ ಚೆನ್ನಾಗಿಯೇ ಬರುತ್ತ ಡಿಸ್ಕು ಮಾತ್ರ ಬರೆಯುವುದು ನಿಲ್ಲಿಸಿರುವುದು ಅಪರೂಪವಲ್ಲ. ಗಡಿಯಾರವನ್ನೂ ಆಗಲೇ ನೋಡಿ, ಇಂಟರ್ನೆಟ್ಟಿನಿಂದ ಸಮಯ ಸರಿಪಡಿಸುವ ಎನ್‌ಟಿಪಿ ಚಾಲೂ ಇದ್ದು ಸಮಯವಲಯ +5:30 ಇರಬೇಕು.

ಕಳವು ನಡೆದೇ ಬಿಟ್ಟರೆ ಮೂರು ವಾರ ಕಳೆದರೆ ಆ ಭಾಗ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಅದೇ ದಿನ ಎನ್‌ವಿಆರ್‌ನಿಂದ ನೇರವಾಗಿ ಪೆನ್‌ಡ್ರೈವಿಗೆ ತೆಗೆಯಿರಿ, ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದು ಸಾಕ್ಷ್ಯಕ್ಕೆ ನಿಲ್ಲುವುದು ಕಷ್ಟ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ದಾಖಲೆಯೊಂದಿಗೆ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯ (ಕಡತ ತುಸು ಬದಲಾದರೂ ಬೇರೆಯಾಗುವ ಗುರುತಿನ ಸಂಖ್ಯೆ) ಬರೆಯಬೇಕು. ತೆಗೆದ ಕೂಡಲೇ ಎಸ್‌ಎಚ್‌ಎ-256 ವಿಧಾನದಲ್ಲಿ ಅದನ್ನು ಲೆಕ್ಕ ಹಾಕಿ ಬರೆದಿಡಿ. ಎನ್‌ವಿಆರ್‌ನ ಗಡಿಯಾರ ನಿಜವಾದ ಸಮಯಕ್ಕಿಂತ ಎಷ್ಟು ಹಿಂದೆ ಮುಂದೆ ಇತ್ತು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದು, ಪ್ರತಿಯನ್ನು ದೂರಿನ ಜೊತೆ ಕೊಡಿ. ಮೂಲ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ. ಆ ಡಿಸ್ಕು ತೆಗೆದಿಟ್ಟು ಬೇರೊಂದು ಹಾಕಿದರೆ ಕಾವಲೂ ನಿಲ್ಲುವುದಿಲ್ಲ.