ಕಾಲಿಗೆ ತಾಳ, ಕೈಗೆ ಗಿಟಾರ್, ಬಾಯಿಗೆ ಪದ: ನನ್ನ ಅನುಭವ

ಕಳೆದ ಗಣೇಶ ಹಬ್ಬದಲ್ಲಿ ನಮ್ಮ ಬಡಾವಣೆಯ ಪೆಂಡಾಲಿನಲ್ಲಿ ಒಬ್ಬನೇ ಕುಳಿತು, ಗಿಟಾರ್ ನುಡಿಸುತ್ತಲೇ 7 ಹಾಡು ಹಾಡಿದೆ. ಸುಮಾರು 40 ನಿಮಿಷ ಹಿಡಿಯಿತು. ಎಲ್ಲಿಯೂ ಕೈ ನಿಲ್ಲಲಿಲ್ಲ, ಎಲ್ಲಿಯೂ ಸಾಲು ತಪ್ಪಲಿಲ್ಲ. "ಹಾಡು, ಇಲ್ಲವೇ ನುಡಿಸು, ಎರಡೂ ನಿನ್ನಿಂದಾಗದು" ಎಂದು ಎರಡು ವರ್ಷಗಳಿಂದ ಹೇಳುತ್ತಿದ್ದ ಹಿರಿಯ ಮಿತ್ರರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಆದ್ದರಿಂದ ಈ ದಾರಿಯನ್ನು ಬರೆದಿಡಬೇಕೆನಿಸಿತು. ಕಾರ್ಡ್‌ಗಳು, ಕೇಪೊ, ಮೆಟ್ರೋನೋಮ್ ಬಲ್ಲವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋಲಿನ ವಿಷಯ. ಕಚೇರಿಯ ರಾಜ್ಯೋತ್ಸವದಲ್ಲಿ ಒಂದು ದಾಸರ ಪದವನ್ನು ಆಯ್ದುಕೊಂಡಿದ್ದೆ. ಮನೆಯಲ್ಲಿ ಆ ಸ್ಟ್ರಮ್ಮಿಂಗ್ ಎಷ್ಟು ಪಳಗಿತ್ತೆಂದರೆ ಟಿ.ವಿ. ನೋಡುತ್ತಾ ಅರ್ಧ ಗಂಟೆ ನುಡಿಸಬಲ್ಲವನಾಗಿದ್ದೆ. ವೇದಿಕೆಯಲ್ಲಿ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಬಲಗೈ ತಾಳವನ್ನು ಬಿಟ್ಟು ಮಾತಿನ ಹಿಂದೆ ಹೊರಟಿತು. ಒಂದು ಅಕ್ಷರ ಬಾಯಿಂದ ಬಂದರೆ ಒಂದು ಹೊಡೆತ, ಅಕ್ಷರ ಎಳೆದರೆ ಹೊಡೆತವೂ ನಿಂತಿತು. ಗಿಟಾರನ್ನು ಪಕ್ಕಕ್ಕಿಟ್ಟು, ಕೀಬೋರ್ಡ್ ನುಡಿಸುತ್ತಿದ್ದ ಸಹೋದ್ಯೋಗಿಯ ಆಸರೆಯಲ್ಲಿ ಹಾಡನ್ನು ಮುಗಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೂ ಮೊದಲು ಒಂದು ತರಗತಿಗೆ ಸೇರಿ, ತಿಂಗಳಿಗೆ ₹2,000ದಂತೆ 8 ತಿಂಗಳು ಕಟ್ಟಿದ್ದೆ. ಕೈ ತನ್ನಷ್ಟಕ್ಕೆ ತಾನೇ ಓಡುವಂತಾಗಲಿ, ಕಂಠ ತಾನಾಗಿ ಬಂದು ಸೇರಿಕೊಳ್ಳುತ್ತದೆ ಎಂಬುದೇ ಅಲ್ಲಿಯ ಪಾಠವಾಗಿತ್ತು. ಪಾಶ್ಚಾತ್ಯ ಹಾಡುಗಳಲ್ಲಿ, ಅದೂ ಮಾತು ನೇರವಾಗಿ ತಾಳದ ಮೇಲೆ ಬೀಳುವ ಹಾಡುಗಳಲ್ಲಿ, ಅದು ನಡೆಯಿತು. ನಮ್ಮ ಪದಗಳಲ್ಲಿ ನಡೆಯಲಿಲ್ಲ. ಬಳಿಕ ಸುಮಾರು ₹9,000 ಕೊಟ್ಟು ಒಂದು ಲೂಪ್ ಪೆಡಲ್ ತಂದೆ. ನುಡಿಸಿದ್ದನ್ನು ಅದರಲ್ಲಿ ತುಂಬಿಸಿ ಅದರ ಮೇಲೆ ಹಾಡುವುದು ಸುಲಭವಾಗಿಯೇ ಇತ್ತು; ಆದರೆ ಚರಣದ ಕೊನೆಯಲ್ಲಿ ಒಂದಿಷ್ಟು ನಿಂತು ಉಸಿರೆಳೆದು ಪಲ್ಲವಿಗೆ ಮರಳೋಣವೆಂದರೆ ಯಂತ್ರ ಕಾಯುವುದಿಲ್ಲ. ₹5,000ಕ್ಕೆ ಮಾರಿದೆ. ಗಿಟಾರಿಗೆ ಎಂಟೊಂಬತ್ತು ಸಾವಿರ, ತಂತಿಗಳ ಎತ್ತರ ಇಳಿಸಿಕೊಟ್ಟವರಿಗೆ ಏಳೆಂಟು ನೂರು, ಎಲ್ಲ ಸೇರಿ 30,000ದ ಆಸುಪಾಸು ಖರ್ಚಾಯಿತು. ಫಲ ಕೊಟ್ಟದ್ದು ಮಾತ್ರ ₹60ರ ಒಂದು ಚೌಕುಳಿ ನೋಟ್‌ಬುಕ್.

ದೋಷವೆಲ್ಲ ಎಡುಪಿನಲ್ಲಿ, ಅಂದರೆ ತಾಳದ ಸುತ್ತಿನಲ್ಲಿ ಹಾಡನ್ನು ಎತ್ತಿಕೊಳ್ಳುವ ಜಾಗದಲ್ಲಿತ್ತು. ರಾಜ್ಯೋತ್ಸವದ ಆ ದಾಸರ ಪದ ಆದಿ ತಾಳದಲ್ಲಿದ್ದು, ನಾನು ಕಲಿತ ಪಾಠದಲ್ಲಿ ತಾಳ ಬಿದ್ದ ಮೇಲೆ ಅರ್ಧ ಅಕ್ಷರ (ತಾಳದಲ್ಲಿ ಅಕ್ಷರವೆಂದರೆ ಒಂದು ಎಣಿಕೆ) ತಡೆದು ಪಲ್ಲವಿ ಎತ್ತಬೇಕು. ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 8 ಅಕ್ಷರ, ಅಕ್ಷರಕ್ಕೆ 2 ಚೌಕದಂತೆ 16 ಚೌಕಗಳನ್ನು ಬರೆದು, ಮೇಲಿನ ಸಾಲಿನಲ್ಲಿ ಸೊಲ್ಲು (ತಾಳವನ್ನು ಬಾಯಲ್ಲಿ ಹೇಳುವ 'ತಕಧಿಮಿ'ಯಂಥ ಮಾತು), ನಡುವೆ ಕೈಯ ಹೊಡೆತದ ಬಾಣಗಳು, ಕೆಳಗೆ ಸಾಹಿತ್ಯದ ಒಂದೊಂದೇ ಅಕ್ಷರವನ್ನು ತುಂಬಿದೆ. ಆಗ ಕಣ್ಣಿಗೆ ಕಂಡಿತು: ಮೊದಲ ಮಾತು ಎರಡನೆಯ ಚೌಕದಲ್ಲಿದೆ, ಅಲ್ಲಿ ಕೈ ಮೇಲಕ್ಕೆ ಏಳುತ್ತಿರಬೇಕು. ನನ್ನ ಕೈಯಾದರೋ ಮಾತು ಹೊರಟೊಡನೆ ಕೆಳಕ್ಕೆ ಬೀಳಲು ಹವಣಿಸುತ್ತಿತ್ತು. ಎಂಟು ತಿಂಗಳಲ್ಲಿ ತಿಳಿಯದ್ದು ಒಂದು ಪುಟದಲ್ಲಿ ತಿಳಿಯಿತು.

ಅಲ್ಲಿಂದ ಮುಂದೆ ನಾನು ಕೈಯನ್ನು ಮರೆಯುವ ಪ್ರಯತ್ನವನ್ನೇ ಬಿಟ್ಟೆ. ಎಡಗೈಯನ್ನು ತಂತಿಗಳ ಮೇಲೆ ಹಗುರವಾಗಿ ಮಲಗಿಸಿ, ನಾದವೇಳದಂತೆ ಬಲಗೈಯಲ್ಲಿ ಬರೀ 'ಚಕ್ ಚಕ್' ಎನಿಸುತ್ತಾ, ಹಿಮ್ಮಡಿಯಲ್ಲಿ ತಾಳ ಹಾಕುತ್ತಾ, ಸಾಹಿತ್ಯವನ್ನು ಹಾಡದೆ ಮಾತಿನಂತೆ ಹೇಳಿದೆ. ಹಿಮ್ಮಡಿಯಲ್ಲಿ ಎಂಬುದನ್ನು ಗಮನಿಸಬೇಕು. ಕಾಲ ಬೆರಳಿನಿಂದ ತಟ್ಟಿದರೆ ಸ್ವಲ್ಪ ಹೊತ್ತಿಗೆ ಅದೂ ಮಾತಿನ ಹಿಂದೆ ಹೋಗುತ್ತದೆ, ಹಿಮ್ಮಡಿ ಭಾರವಾದ್ದರಿಂದ ಅಷ್ಟು ಬೇಗ ಮೋಸ ಹೋಗುವುದಿಲ್ಲ. ಮೆಟ್ರೋನೋಮ್ 44ರಲ್ಲಿತ್ತು. ದಿನಕ್ಕೆ 20 ನಿಮಿಷದಂತೆ ಪಲ್ಲವಿಯೊಂದಕ್ಕೇ ಮೂರು ವಾರ ಹಿಡಿಯಿತು. ಅದು ಕೂತ ಮೇಲೆ ಇಡೀ ಹಾಡನ್ನು ಒಂದೇ ಕಾರ್ಡ್ ಹಿಡಿದು ಹಾಡಿದೆ. ಕೇಳಲು ತಂಬೂರಿಯಂತಿರುತ್ತದೆ, ಬೇಸರಪಡಬಾರದು. ಕಾರ್ಡ್ ಬದಲಾವಣೆಯನ್ನು ಕಟ್ಟಕಡೆಗೆ ಸೇರಿಸಿ, ನಾಲ್ಕು ನಾಲ್ಕಾಗಿ ವೇಗ ಏರಿಸುತ್ತಾ 76ಕ್ಕೆ ತಲುಪಿದೆ. ಮೊದಲ ಹಾಡಿಗೆ ಎರಡೂವರೆ ತಿಂಗಳಾಯಿತು, ನಾಲ್ಕನೆಯದಕ್ಕೆ ಹತ್ತು ದಿನ ಸಾಕಾಯಿತು.

ಹೀಗೆ ಅಕ್ಷರ ಜೋಡಿಸಿ ಕಲಿತರೆ ಹಾಡು ಇಟ್ಟಿಗೆ ಪೇರಿಸಿದಂತೆ ಬಿಗಿಯಾಗುತ್ತದೆ, ಭಾವ ಸಾಯುತ್ತದೆ ಎಂದು ಆ ಹಿರಿಯ ಮಿತ್ರರು ಎಚ್ಚರಿಸಿದ್ದರು. 44ರಲ್ಲಿ ಅದು ನಿಜ. 70 ದಾಟಿದ ಮೇಲೆ ಮಾತು ತಾನಾಗಿ ಸಡಿಲಾಗುತ್ತದೆ, ಏಕೆಂದರೆ ಅಕ್ಷರದ ಮನೆ ಎಲ್ಲಿದೆಯೆಂದು ಗೊತ್ತಿರುವವನಿಗೆ ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುವ ಧೈರ್ಯ ಬರುತ್ತದೆ. ಸ್ವರ ಜಾರುವ ಕಡೆ ಕಾರ್ಡನ್ನು ಎಲ್ಲಿ ಬದಲಿಸಬೇಕೆಂಬುದಕ್ಕೂ ಉಸಿರನ್ನು ಯಾವ ಹೊಡೆತದ ಮೇಲೆ ಎಳೆಯಬೇಕೆಂಬುದಕ್ಕೂ ನನ್ನದೇ ಲೆಕ್ಕಗಳಿವೆ. ಅವನ್ನು ಇನ್ನೆರಡು ವೇದಿಕೆಗಳಲ್ಲಿ ಪರೀಕ್ಷಿಸುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಶ್ರುತಿಯ ವಿಷಯ ಹೇಳಲೇಬೇಕು. ನನ್ನ ಕಂಠಕ್ಕೆ ಒಗ್ಗುವುದು ಕಪ್ಪು ಒಂದು, ಅಂದರೆ ಸಿ ಶಾರ್ಪ್. ಕೇಪೊ ಹಾಕುವ ಬದಲು ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ಡಿ ಆಕಾರದಲ್ಲಿ ನುಡಿಸುತ್ತೇನೆ. ತಂತಿ ಮೆತ್ತಗಾಗುವುದರಿಂದ ಎಡಗೈ ದಣಿಯುವುದಿಲ್ಲ, ಆ ಉಳಿತಾಯವೆಲ್ಲ ಹಾಡಿಗೆ ಸಲ್ಲುತ್ತದೆ. ಮಧ್ಯಮಾವತಿಯ ಪದವೊಂದಕ್ಕೆ ಕಾರ್ಡ್ ಹುಡುಕುವಾಗ ಬಹಳ ದಿನ ತಡಕಾಡಿದೆ. ಆ ರಾಗದಲ್ಲಿ ಗಾಂಧಾರವೂ ಇಲ್ಲ, ಧೈವತವೂ ಇಲ್ಲ. ಡಿಯನ್ನು ಷಡ್ಜವಾಗಿ ಹಿಡಿದರೆ ಡಿ, ಇ, ಜಿ, ಎ, ಸಿ ಎಂಬ ಐದೇ ಸ್ವರಗಳು. ಡಿ ಮೇಜರ್ ಹಿಡಿದರೂ ಡಿ ಮೈನರ್ ಹಿಡಿದರೂ ಇಲ್ಲದ ಗಾಂಧಾರ ಕೇಳಿಸುತ್ತದೆ, ಜಿ ಮೇಜರ್ ಹಿಡಿದರೆ ಅದರೊಳಗಿನ ಬಿ ಸ್ವರ ಧೈವತವಾಗಿ ಚುಚ್ಚುತ್ತದೆ. ಕೊನೆಗೆ ಡಿ ಸಸ್ 2, ಡಿ ಸಸ್ 4, ಸಿ ಮೇಜರ್, ಎ ಮೈನರ್, ಈ ನಾಲ್ಕರಲ್ಲೇ ಇಡೀ ಪದವನ್ನು ಮುಗಿಸಿದೆ. ನಾಲ್ಕರಲ್ಲೂ ರಾಗದ ಹೊರಗಿನ ಸ್ವರ ಒಂದೂ ಇಲ್ಲದ್ದರಿಂದ ಕಂಠ ಅಂಜದೆ ಓಡಾಡುತ್ತದೆ. ಸಂಗೀತ ಬಲ್ಲ ನಮ್ಮ ಅತ್ತೆಯವರು ಕೇಳಿ ತಲೆದೂಗಿದ್ದು ನನಗೆ ದೊಡ್ಡ ಪ್ರಶಸ್ತಿ.

ಇದೇ ನೋಟ್‌ಬುಕ್ಕಿನಲ್ಲಿ ಕುಮಾರವ್ಯಾಸನನ್ನೂ ಪ್ರಯತ್ನಿಸಿದೆ. ಭಾಮಿನಿ ಷಟ್ಪದಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳಲ್ಲಿ ನಡೆಯುವುದರಿಂದ 'ತಕಿಟ ತಕಧಿಮಿ' ಅದಕ್ಕೆ ನೇರವಾಗಿ ಹೊಂದುತ್ತದೆ. ತೊಡಕು ಬಲಗೈಯಲ್ಲಿ. ಕೆಳಗೆ, ಮೇಲೆ ಎಂದು ಬಿಡದೆ ಬೀಸುತ್ತಾ ಹೋದರೆ ಏಳು ಬೆಸ ಸಂಖ್ಯೆಯಾದ್ದರಿಂದ ಎರಡನೆಯ ಸುತ್ತು ಮೇಲಿನ ಹೊಡೆತದಿಂದ ಆರಂಭವಾಗಿ ಎಲ್ಲ ತಲೆಕೆಳಗಾಗುತ್ತದೆ. 'ತಕಿಟ'ಕ್ಕೆ ಕೆಳಗೆ, ಮೇಲೆ, ಕೆಳಗೆ. 'ತಕಧಿಮಿ'ಗೆ ಮತ್ತೆ ಕೆಳಗಿನಿಂದಲೇ ಹೊರಟು ಕೆಳಗೆ, ಮೇಲೆ, ಕೆಳಗೆ, ಮೇಲೆ. ನಡುವೆ ಒಂದರ ಹಿಂದೆ ಒಂದು ಬೀಳುವ ಆ ಎರಡು ಕೆಳಹೊಡೆತಗಳೇ ಗಣದ ಗಡಿಯನ್ನು ಕಿವಿಗೆ ಹೇಳುತ್ತವೆ. ಗಮಕಿಗಳು ಪದ್ಯವನ್ನು ತಾಳಕ್ಕೆ ಕಟ್ಟಿಹಾಕದೆ ವಾಚಿಸುತ್ತಾರೆಂಬುದು ನನಗೂ ಗೊತ್ತು. ಆದರೂ ನಾಲ್ಕು ಪದ್ಯಗಳನ್ನು ಹೀಗೆ ಹಾಡಿದ ಮೇಲೆ ಉಳಿದ ಹಾಡುಗಳು ಎಷ್ಟೋ ಹಗುರವೆನಿಸಿದವು.

ಹಬ್ಬದ ಮರುದಿನ ಆ ಹಿರಿಯ ಮಿತ್ರರು ಮನೆಗೆ ಬಂದು, ಮೂರು ಪುಟಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋದರು. ನಾನೀಗ ಖಂಡ ನಡೆಯ, ಅಂದರೆ ಐದೈದು ಮಾತ್ರೆಗಳಲ್ಲಿ ಸಾಗುವ, ಒಂದು ಭಾವಗೀತೆಯಲ್ಲಿದ್ದೇನೆ. ಪಲ್ಲವಿ 52ರಲ್ಲಿ ಕೂತಿದೆ. ಚರಣದ ಮೂರನೆಯ ಸಾಲಿನಲ್ಲಿ ಕೈ ಇನ್ನೂ ಮಾತಿನ ಹಿಂದೆ ಓಡುತ್ತಿದೆ, ಆದ್ದರಿಂದ ಆ ಒಂದು ಸಾಲನ್ನು ಮತ್ತೆ 44ಕ್ಕೆ ಇಳಿಸಿದ್ದೇನೆ.