ಗ್ಯಾಂಗ್ ತಡೆಗೆ ಅಂತ ದುಡ್ಡಿಲ್ಲ, ಆದರೂ ದುಡ್ಡಿದೆ: ಹುಬ್ಬಳ್ಳಿ ಓಣಿಗಳಲ್ಲಿ ನಮ್ಮ ಅನುಭವ

ಪಾಲಿಕೆಯ ಬಜೆಟ್ ಪುಸ್ತಕ ಎಷ್ಟು ತಿರುವಿದರೂ ‘ಗ್ಯಾಂಗ್ ಹಾವಳಿ ತಡೆ’ ಅನ್ನುವ ಲೆಕ್ಕಶೀರ್ಷಿಕೆ ಸಿಗುವುದಿಲ್ಲ. ಜಿಲ್ಲಾಡಳಿತದಲ್ಲೂ ಇಲ್ಲ. ಬೀದಿದೀಪಕ್ಕೆ ಒಂದು ಕಡೆ, ಗರಡಿಮನೆಗೆ ಇನ್ನೊಂದು ಕಡೆ, ನಶೆ ಬಿಡಿಸುವುದಕ್ಕೆ ಮತ್ತೊಂದು ಕಡೆ, ಶಾಲೆ ಬಿಡುವ ಹುಡುಗನಿಗೆ ಮಗದೊಂದು ಕಡೆ ಹಣ ಇದೆ. ಹುಬ್ಬಳ್ಳಿಯಲ್ಲಿ ನಮ್ಮ ಸಂಘ ಮಾಡುತ್ತ ಬಂದದ್ದು ಇಷ್ಟೇ: ಒಂದು ಓಣಿಯ ತೊಂದರೆಯನ್ನು ಐದಾರು ಅರ್ಜಿಗಳಾಗಿ ಒಡೆದು, ಆಯಾ ಇಲಾಖೆಯ ಮಾತಿನಲ್ಲಿ ಬರೆದುಕೊಡುವುದು. ಕಂಬ, ಕ್ಯಾಮೆರಾ, ಕಟ್ಟಡಕ್ಕೆ ದುಡ್ಡು ಸಲೀಸಾಗಿ ಸಿಗುತ್ತದೆ. ಸಂಜೆ ಹೊತ್ತು ಹುಡುಗರ ನಡುವೆ ಕೂರುವ ಮನುಷ್ಯನ ಸಂಬಳಕ್ಕೆ ಸಿಗುವುದು ಕಷ್ಟ. ಕೆಲಸ ಮಾಡುವುದು ಮಾತ್ರ ಆ ಮನುಷ್ಯನೇ. ಆದ್ದರಿಂದ ಅವನನ್ನು ನಡುವೆ ಇಟ್ಟುಕೊಂಡು ಉಳಿದದ್ದನ್ನು ಸುತ್ತ ಜೋಡಿಸಬೇಕು.

ಅರ್ಜಿಗೆ ಮೊದಲು ನಕ್ಷೆ. ದೊಡ್ಡ ಹಾಳೆಯ ಮೇಲೆ ಓಣಿ ಬರೆದು ಕತ್ತಲ ಕಂಬಗಳನ್ನು ನಂಬರಿನ ಸಮೇತ ಗುರುತಿಸಿ. ಪಾಳುಬಿದ್ದ ಕಟ್ಟಡ, ಬಾರಿನ ಹಿಂದಿನ ಸಂದಿ, ಖುಲ್ಲಾ ಜಾಗ, ಹುಡುಗರು ಕೂರುವ ಕಟ್ಟೆ, ಎಲ್ಲವೂ ಬರಲಿ. ಪ್ರತಿಯೊಂದರ ಪಕ್ಕ ಎರಡು ವಿಷಯ ಬೇಕು: ಎಷ್ಟು ಹೊತ್ತಿಗೆ ತೊಂದರೆ, ಜಾಗ ಯಾರದು. ಎರಡನೆಯದನ್ನು ಬಿಟ್ಟವರ ಅರ್ಜಿ ಟೇಬಲ್ಲಿಂದ ಟೇಬಲ್ಲಿಗೆ ಅಲೆಯುತ್ತದೆ. ಹುಬ್ಬಳ್ಳಿಯಲ್ಲಿ ರೈಲ್ವೆ ಜಾಗ ಬಹಳ. ಹಳಿ ಪಕ್ಕದ ಗೋಡೆಯ ಆಚೆ ಪಾಲಿಕೆ ಒಂದು ಬಲ್ಬನ್ನೂ ಹಾಕಲಾರದು, ರೈಲ್ವೆಯ ನಿರಾಕ್ಷೇಪಣಾ ಪತ್ರ ಬೇಕು. ಅದು ಬರುವಷ್ಟರಲ್ಲಿ ಆರ್ಥಿಕ ವರ್ಷ ಮುಗಿದಿರುತ್ತದೆ. ಕಂಬವನ್ನು ಗೋಡೆಯ ಈಚೆ ನಿಲ್ಲಿಸಿ ದೀಪವನ್ನು ಆ ಕಡೆ ತಿರುಗಿಸುವುದೇ ಸುಲಭ.

ಠಾಣೆಯಿಂದ ಕೇಳಬೇಕಾದದ್ದು ಹೆಸರುಗಳನ್ನಲ್ಲ, ಲೆಕ್ಕವನ್ನು: ಕಳೆದ ಎರಡು ವರ್ಷದಲ್ಲಿ ಈ ಬೀಟಿನಲ್ಲಿ ಯಾವ ಕಲಮಿನಡಿ ಎಷ್ಟು ಕೇಸು, ಎಷ್ಟು ಗಂಟೆಯ ಸುಮಾರಿಗೆ. ಓಸಿ ಮಟ್ಕಾ ಕೇಸುಗಳು ಕರ್ನಾಟಕ ಪೊಲೀಸ್ ಕಾಯ್ದೆಯ 78(3)ರಲ್ಲಿ ಇರುತ್ತವೆ, ಗಾಂಜಾ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 20(ಬಿ) ಮತ್ತು 27ರಲ್ಲಿ, ತಲವಾರು ಹಿಡಿದದ್ದು ಶಸ್ತ್ರಾಸ್ತ್ರ ಕಾಯ್ದೆಯ 25ರಲ್ಲಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಸಂಘಟಿತ ಅಪರಾಧಕ್ಕೆ 111, ಸಣ್ಣ ಪ್ರಮಾಣದ್ದಕ್ಕೆ 112. ‘ಗ್ಯಾಂಗ್ ಕೇಸು ಎಷ್ಟು’ ಅಂತ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ, ಕಲಮು ಹಿಡಿದು ಕೇಳಿದರೆ ಠಾಣೆಯ ಕಡತ ಬರೆಯುವ ರೈಟರ್ ಅರ್ಧ ದಿನದಲ್ಲಿ ತೆಗೆದುಕೊಡುತ್ತಾರೆ. ಹದಿನೆಂಟರೊಳಗಿನ ಹುಡುಗರ ಗುರುತು ಬಯಲಾಗುವ ಒಂದು ಅಕ್ಷರವೂ ನಿಮ್ಮ ಕಡತದಲ್ಲಿ ಇರಕೂಡದು. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಅದನ್ನು ಅಪರಾಧ ಎನ್ನುತ್ತದೆ.

ಬಡಾವಣೆಯ ಹೆಸರಿನ ಮುಂದೆ ‘ಅಪರಾಧಪೀಡಿತ’ ಅಂತ ಬರೆಯಬೇಡಿ. ಈ ಊರಿನಲ್ಲಿ ಅದಕ್ಕೆ ಹಳೆಯ ಗಾಯ ಇದೆ. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಹುಟ್ಟಿದ್ದೇ ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿದ ಬ್ರಿಟಿಷರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ. ಕಾಯ್ದೆ 1952ರಲ್ಲಿ ರದ್ದಾದರೂ ಆ ವಿಳಾಸ ಹೇಳಿ ಕೆಲಸ ಕೇಳುವ ಹುಡುಗ ಇಂದಿಗೂ ಅನುಮಾನದ ನೋಟ ಎದುರಿಸುತ್ತಾನೆ. ‘ಸುರಕ್ಷತಾ ಸೌಲಭ್ಯ ಕಡಿಮೆ ಇರುವ ಓಣಿ’ ಅಂದರೆ ಸಾಕು, ದುಡ್ಡು ಅಷ್ಟೇ ಬರುತ್ತದೆ.

ಇನ್ನು ಪಾಲಿಕೆ. ಹುಬ್ಬಳ್ಳಿ-ಧಾರವಾಡದ 82 ವಾರ್ಡುಗಳಲ್ಲಿ ನಿಮ್ಮದು ಯಾವ ವಲಯ ಕಚೇರಿಗೆ ಬರುತ್ತದೆ ಎಂದು ನೋಡಿಕೊಂಡು, ಬೇಡಿಕೆಯನ್ನು ನವೆಂಬರ್-ಡಿಸೆಂಬರ್ ಒಳಗೆ ಅಲ್ಲಿಗೂ ಕಾರ್ಪೊರೇಟರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಜೆಟ್ ಮಂಡನೆಯಾದ ಮೇಲೆ ಹೋದರೆ ‘ಮುಂದಿನ ಕ್ರಿಯಾಯೋಜನೆಯಲ್ಲಿ ನೋಡೋಣ’ ಅನ್ನುವ ಉತ್ತರ ಕಾಯಂ. ದೀಪದ ಅರ್ಜಿಯಲ್ಲಿ ಅಂತರ ಬರೆಯಿರಿ: ಏಳೆಂಟು ಮೀಟರ್ ಎತ್ತರದ ಕಂಬಗಳ ನಡುವೆ 30 ಮೀಟರ್ ಮೀರಿದರೆ ಮಧ್ಯೆ ಕತ್ತಲ ಪಟ್ಟಿ ಉಳಿಯುತ್ತದೆ. ಎಷ್ಟೋ ಕಡೆ ಹೊಸ ಕಂಬ ಬೇಕಾಗುವುದೇ ಇಲ್ಲ, ಹೊಂಗೆಯ ಟೊಂಗೆ ಕಡಿಸಿದರೆ ಮುಗಿಯಿತು.

ಯುವಕರ ತರಬೇತಿಗೆ ಪಾಲಿಕೆಯಲ್ಲೇ ಒಂದು ದಾರಿ ಇದೆ, ಹೆಚ್ಚಿನವರು ಕೇಳುವುದಿಲ್ಲ. ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ-ಪಂಗಡಕ್ಕೆ ಶೇ. 24.10, ಇತರೆ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಹಣ ಮೀಸಲಿಡಬೇಕು. ಚಾಲನಾ ತರಬೇತಿ, ಲೈಸೆನ್ಸು, ಎಲೆಕ್ಟ್ರಿಷಿಯನ್ ಕೆಲಸದ ಸಲಕರಣೆ ಇಂಥವಕ್ಕೆ ಇದರಡಿ ಕೇಳಬಹುದು. ಕಷ್ಟ ಬರುವುದು ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿ. ಗುಂಪುಗಳ ಸುತ್ತ ಸುಳಿಯುವ ಹುಡುಗರಲ್ಲಿ ಅರ್ಧದಷ್ಟು ಮಂದಿಗೆ ಆಧಾರಿನಲ್ಲಿ ಒಂದು ಹೆಸರು, ಟಿ.ಸಿ.ಯಲ್ಲಿ ಇನ್ನೊಂದು. ಅದನ್ನು ಸರಿಪಡಿಸುವ ಕೆಲಸವನ್ನು ಯೋಜನೆ ಬರುವ ಮೊದಲೇ ಮುಗಿಸಿಕೊಳ್ಳಿ. ಯುವನಿಧಿ ಇವರಿಗೆ ಎಟುಕುವುದಿಲ್ಲ, ಅದು ಪದವಿ, ಡಿಪ್ಲೊಮಾ ಮುಗಿಸಿದವರಿಗೆ. ಎಂಟನೇತ್ತೆ ಬಿಟ್ಟವನನ್ನು ಮೊದಲು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕೂರಿಸಬೇಕು.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಎರಡೂ ಜಿಲ್ಲಾಧಿಕಾರಿ ಮೂಲಕವೇ. ಅವಳಿ ನಗರದ ಬಹುಪಾಲು ಪೂರ್ವ, ಸೆಂಟ್ರಲ್, ಪಶ್ಚಿಮ ಕ್ಷೇತ್ರಗಳಲ್ಲಿ ಹಂಚಿದೆ. ರಸ್ತೆಯ ಆ ಬದಿ ಒಬ್ಬರದು, ಈ ಬದಿ ಇನ್ನೊಬ್ಬರದು ಆಗಿರಬಹುದು, ಮತದಾರರ ಪಟ್ಟಿ ನೋಡಿಯೇ ಹೋಗಿ. ಈ ನಿಧಿಯಲ್ಲಿ ಉಳಿಯುವಂಥ ಸಾರ್ವಜನಿಕ ಆಸ್ತಿಗೆ ಮಾತ್ರ ಅವಕಾಶ. ಸಂಬಳ, ಕರೆಂಟ್ ಬಿಲ್, ದಿನನಿತ್ಯದ ನಿರ್ವಹಣೆ ಯಾವುದೂ ಬರುವುದಿಲ್ಲ. ಹೀಗಾಗಿ ಶಾಸಕರ ಪತ್ರದ ಜೊತೆಗೆ ‘ನಿರ್ವಹಣೆ ನಮ್ಮದು’ ಎಂದು ಪಾಲಿಕೆಯ ಒಪ್ಪಿಗೆ ಪತ್ರ ಇಟ್ಟರೆ ಕಡತ ಓಡುತ್ತದೆ, ಇಲ್ಲದಿದ್ದರೆ ಆಕ್ಷೇಪಣೆ ಹಾಕಿಸಿಕೊಂಡು ಮರಳುತ್ತದೆ.

ಕ್ಯಾಮೆರಾ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ದುಡ್ಡು ಹೆಚ್ಚು ಹಾಳಾಗುವುದು ಇಲ್ಲೇ. ಮುಖ ಗುರುತು ಸಿಗಬೇಕಾದರೆ ಚಿತ್ರದಲ್ಲಿ ಮೀಟರಿಗೆ 250 ಪಿಕ್ಸೆಲ್ ಬೇಕು. 4 ಮೆಗಾಪಿಕ್ಸೆಲ್ ಕ್ಯಾಮೆರಾದ ಅಗಲ 2560 ಪಿಕ್ಸೆಲ್, ಅಂದರೆ ಸುಮಾರು 10 ಮೀಟರ್ ಅಗಲದ ದೃಶ್ಯಕ್ಕಷ್ಟೇ ಅದು ಸಾಕು. ಇಡೀ ಸರ್ಕಲ್ ಒಂದೇ ಕ್ಯಾಮೆರಾದಲ್ಲಿ ಬರಲಿ ಎಂದು ಅಗಲ ಲೆನ್ಸ್ ಹಾಕಿದರೆ ಯಾರೋ ಓಡಿದ್ದು ಕಾಣುತ್ತದೆ, ಯಾರು ಎಂದು ಕಾಣುವುದಿಲ್ಲ. ಎತ್ತರ 10-12 ಅಡಿ ಇರಲಿ, ಅದಕ್ಕಿಂತ ಮೇಲೆ ಹೋದರೆ ಟೋಪಿ, ನೆತ್ತಿ ಮಾತ್ರ. ಬೈಕ್ ನಂಬರಿಗೆ ಬೇರೆಯದೇ ಕ್ಯಾಮೆರಾ ಬೇಕು, ಕಿರಿದಾದ ನೋಟ, ಶಟರ್ 1/500 ಸೆಕೆಂಡ್ ಅಥವಾ ಇನ್ನೂ ವೇಗ. ಕೇಂದ್ರದ ಗುಣಮಟ್ಟ ಪರೀಕ್ಷಾ ಸಂಸ್ಥೆಯಾದ ಎಸ್‌ಟಿಕ್ಯೂಸಿಯ ಪರೀಕ್ಷೆ ಪಾಸಾದ ಮಾಡೆಲ್ ಎಂದು ಟೆಂಡರಿನಲ್ಲೇ ಬರೆಸಿ, 2025ರ ಏಪ್ರಿಲ್‌ನಿಂದ ಆ ನಿಯಮ ಜಾರಿಯಲ್ಲಿದೆ.

ಸಂಗ್ರಹದ ಲೆಕ್ಕ ಹೀಗೆ: ಸೆಕೆಂಡಿಗೆ 2 ಮೆಗಾಬಿಟ್‌ಗೆ (ಎಂಬಿಪಿಎಸ್) ಹೊಂದಿಸಿದ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತಿನ್ನುತ್ತದೆ. ಎಂಟು ಕ್ಯಾಮೆರಾ, 30 ದಿನ ಅಂದರೆ 5.2 ಟಿಬಿ ಹತ್ತಿರ. 6 ಟಿಬಿ ಡಿಸ್ಕ್ ಹಾಕಿಸಿ, ಅದೂ ಸರ್ವೆಲೆನ್ಸ್‌ಗಾಗಿ ಮಾಡಿದ್ದನ್ನು. ಗುತ್ತಿಗೆದಾರ 2 ಟಿಬಿಯ ಸಾದಾ ಡಿಸ್ಕ್ ಕೂರಿಸಿ ಹೋದರೆ ಹನ್ನೊಂದು ದಿನಕ್ಕೆ ಹಳೆಯದು ಅಳಿಯುತ್ತದೆ. ದೂರು ಕೊಡಲು ಜನ ಹೆದರಿ ಹೆದರಿ ಬರುವುದೇ ಎರಡು ವಾರದ ಮೇಲೆ.

ಎಲ್ಲಕ್ಕಿಂತ ಸಾಮಾನ್ಯವಾದ ಎಡವಟ್ಟು ಕರೆಂಟಿನದು. ಕ್ಯಾಮೆರಾವನ್ನು ಬೀದಿದೀಪದ ಲೈನಿಗೆ ಜೋಡಿಸುತ್ತಾರೆ, ಆ ಲೈನು ಬೆಳಗಾದೊಡನೆ ಟೈಮರಿನಲ್ಲಿ ಬಂದ್ ಆಗುತ್ತದೆ. ಹಗಲಿಡೀ ಕ್ಯಾಮೆರಾ ಸತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹೆಸ್ಕಾಂನಿಂದ ಪಾಲಿಕೆ ಹೆಸರಿನಲ್ಲಿ ಪ್ರತ್ಯೇಕ ಮೀಟರ್, ಜೊತೆಗೆ ಯುಪಿಎಸ್ ಬೇಕೇ ಬೇಕು. ನೆಟ್‌ವರ್ಕ್ ಕೇಬಲ್ ಮೂಲಕವೇ ಕರೆಂಟ್ ಕೊಡುವ ಪಿಒಇ ಜೋಡಣೆ 100 ಮೀಟರ್ ದಾಟಬಾರದು. ರೆಕಾರ್ಡರನ್ನು ಯಾರ ಮನೆಯಲ್ಲೂ ಇಡಬೇಡಿ, ಒತ್ತಡ ಬೀಳುವುದು ಆ ಮನೆಯವರ ಮೇಲೆ. ಪಾಲಿಕೆ ವಾಚನಾಲಯದ ಬೀಗದ ಪೆಟ್ಟಿಗೆ ವಾಸಿ. ಅದರ ಗಡಿಯಾರ ನೆಟ್‌ವರ್ಕ್ ಸಮಯಕ್ಕೆ ಹೊಂದಿರಲಿ. ಕೋರ್ಟಿಗೆ ದೃಶ್ಯ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರಂತೆ ದೃಶ್ಯವನ್ನು ತಿದ್ದಿಲ್ಲ ಎಂದು ತಾಳೆ ನೋಡುವ ಸಂಖ್ಯೆಯಾದ ಹ್ಯಾಶ್ ಮೌಲ್ಯದ ಸಮೇತ ಪ್ರಮಾಣಪತ್ರ ಬೇಕು, ಒಂದು ಭಾಗಕ್ಕೆ ಉಪಕರಣ ನೋಡಿಕೊಳ್ಳುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಹತ್ತು ನಿಮಿಷ ಹಿಂದೆ ಓಡುವ ಗಡಿಯಾರ ಸಿಕ್ಕರೆ ಎದುರು ವಕೀಲರಿಗೆ ಹಬ್ಬ.

ಮತ್ತೆ ಫ್ಲೆಕ್ಸು. ಗಣೇಶೋತ್ಸವ, ರಂಗಪಂಚಮಿ, ‘ಅಣ್ಣನ’ ಹುಟ್ಟುಹಬ್ಬ, ಯಾವುದಿದ್ದರೂ ಬ್ಯಾನರ್ ನೇರ ಕ್ಯಾಮೆರಾ ಮುಂದೆಯೇ ಏಳುತ್ತದೆ. ಅದು ಯಾವಾಗಲೂ ಆಕಸ್ಮಿಕವಲ್ಲ. ಹಬ್ಬದ ಹಿಂದಿನ ವಾರ ಬೀಟ್ ಪೊಲೀಸರ ಜೊತೆ ಒಂದು ಸುತ್ತು ಹಾಕಿ ಕಂಬಗಳನ್ನು ತೋರಿಸಿಬಿಡಿ.

ಗರಡಿಮನೆಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಲ್ಲಿ ಕೇಳಬಹುದು. ಎಂಜಿನಿಯರ್ ಅಂದಾಜಿನಲ್ಲಿ ಗೋಡೆ, ತಗಡು, ಬಣ್ಣ ಎಲ್ಲ ಇರುತ್ತದೆ, ಕಣದ ಮಣ್ಣು ಇರುವುದಿಲ್ಲ. ಜರಡಿ ಹಿಡಿದ ಕೆಮ್ಮಣ್ಣು, ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆರಸ ಸಣ್ಣ ಖರ್ಚಲ್ಲ, ಅದನ್ನು ಭಕ್ತರಿಂದ ವಸ್ತುರೂಪದಲ್ಲಿ ಪಡೆಯಿರಿ. ಇದಕ್ಕಿಂತ ಮುಖ್ಯ ಕುಸ್ತಿ ಕಲಿಸುವ ವಸ್ತಾದನ ಆಯ್ಕೆ. ಮೈ ಹುರಿಗೊಂಡ ಹುಡುಗರ ಮೇಲೆ ಮೀಟರ್ ಬಡ್ಡಿಯವರ, ಜಾಗ ಖಾಲಿ ಮಾಡಿಸುವವರ ಕಣ್ಣು ಮೊದಲು ಬೀಳುತ್ತದೆ. ವಸ್ತಾದ ಗಟ್ಟಿ ಇಲ್ಲದ ಗರಡಿ ಸರ್ಕಾರದ ದುಡ್ಡಿನಲ್ಲಿ ಅವರಿಗೇ ಆಳು ತಯಾರಿಸಿಕೊಟ್ಟಂತೆ. ವಸ್ತಾದ ಸೇರಿ ಎಲ್ಲ ತರಬೇತುದಾರರಿಗೂ ಸೇವಾಸಿಂಧುವಿನಲ್ಲಿ ಪೊಲೀಸ್ ಪರಿಶೀಲನಾ ಪತ್ರ ಮಾಡಿಸಿ.

ಸಂಬಳದ ದುಡ್ಡು ಸಿಗುವ ಕಿಂಡಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ್ದು. ಮಾದಕ ವಸ್ತು ಬೇಡಿಕೆ ತಗ್ಗಿಸುವ ರಾಷ್ಟ್ರೀಯ ಕ್ರಿಯಾಯೋಜನೆ, ಎನ್‌ಎಪಿಡಿಡಿಆರ್, ಇದರಲ್ಲಿ ಎರಡು ಘಟಕ ಓಣಿ ಕೆಲಸಕ್ಕೆ ಹೊಂದುತ್ತವೆ: ಮಕ್ಕಳು-ಹದಿಹರೆಯದವರ ನಡುವೆ ಓರಗೆಯವರಿಂದಲೇ ನಡೆಸುವ ಸಿಪಿಎಲ್ಐ, ನಶೆ ಮಾಡುವವರು ಬಂದು ಕೂತು ಮಾತಾಡುವ ಓಡಿಐಸಿ. ಎರಡರಲ್ಲೂ ಸಿಬ್ಬಂದಿ ಗೌರವಧನ ಇದೆ. ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ತಾಣವಾದ ಎನ್‌ಜಿಒ ದರ್ಪಣ್‌ನ ನೋಂದಣಿ, ಸರ್ಕಾರಿ ಹಣ ಪಾವತಿಯ ಪಿಎಫ್‌ಎಂಎಸ್ ನೋಂದಣಿ, ಪ್ಯಾನ್, ಮೂರು ವರ್ಷದ ಆಡಿಟ್ ವರದಿ ಜೋಡಿಸಿ ಇ-ಅನುದಾನ್ ತಾಣದಲ್ಲಿ ಹಾಕಬೇಕು. ದರ್ಪಣ್‌ನಲ್ಲಿ ಸಿಕ್ಕಿಬೀಳುವುದು ಪದಾಧಿಕಾರಿಗಳ ಹೆಸರು: ಆಧಾರ್, ಪ್ಯಾನ್, ಸಂಘದ ಪಟ್ಟಿ ಮೂರರಲ್ಲೂ ಒಂದೇ ಸ್ಪೆಲ್ಲಿಂಗ್ ಇರಬೇಕು. ಸಂಘಗಳ ನೋಂದಣಿ ಕಾಯ್ದೆ 1960ರಡಿ ವರ್ಷ ವರ್ಷ ಪಟ್ಟಿ ಸಲ್ಲಿಸದೆ ಬಿಟ್ಟವರು ಇಲ್ಲೇ ನಿಲ್ಲುತ್ತಾರೆ. ಮಂಜೂರಾದ ಮೇಲೂ ಹಣ ತಡವಾಗಿಯೇ ಬರುತ್ತದೆ, ಆರು ತಿಂಗಳ ಸಂಬಳ ದಾನಿಗಳಿಂದ ಹೊಂದಿಸಿಕೊಳ್ಳದೆ ಯಾರನ್ನೂ ನೇಮಿಸಬೇಡಿ. ಅರ್ಧಕ್ಕೆ ಬಿಟ್ಟುಹೋದ ಕಾರ್ಯಕರ್ತನಿಂದ ಆಗುವ ನಷ್ಟ, ಯಾರೂ ಬರದೇ ಇದ್ದುದಕ್ಕಿಂತ ದೊಡ್ಡದು.

ಸಂಜೆ ಆರರಿಂದ ಹತ್ತು ಈ ಓಣಿ ಕಾರ್ಯಕರ್ತರ ಪಾಳಿ. ನಲವತ್ತು-ಐವತ್ತು ಹುಡುಗರಿಗೆ ಇಬ್ಬರು, ಅದೇ ಓಣಿಯ ಮಾತು ಬಲ್ಲವರು. ನೇಮಕಾತಿ ಪತ್ರದಲ್ಲೇ ಬರೆದಿರಲಿ: ಇವರು ಪೊಲೀಸ್ ಬಾತ್ಮೀದಾರರಲ್ಲ, ಆದರೆ ಯಾರದಾದರೂ ಜೀವಕ್ಕೆ ಅಪಾಯ ಅಥವಾ ಮಕ್ಕಳ ಕೈಲಿ ಗಾಂಜಾ, ಆಯುಧ ಸಾಗಿಸುವುದು ಗೊತ್ತಾದರೆ ಅದೇ ದಿನ ತಿಳಿಸಬೇಕು. ಮಕ್ಕಳನ್ನು ಹಾಗೆ ಬಳಸುವ ದೊಡ್ಡವರಿಗೆ ಬಾಲನ್ಯಾಯ ಕಾಯ್ದೆಯ 83(2)ರಲ್ಲಿ ಏಳು ವರ್ಷದ ತನಕ ಕಠಿಣ ಶಿಕ್ಷೆ, ಐದು ಲಕ್ಷ ದಂಡ ಇದೆ. ಗುಂಪಿನ ಮುಖ್ಯಸ್ಥ ಗಡಿಪಾರಾದ ಮರುದಿನದಿಂದ ಕೆಲವು ವಾರ ಪಾಳಿ ಬಿಗಿ ಮಾಡಿ. ಖಾಲಿಯಾದ ಕಟ್ಟೆಗೆ ಎರಡನೇ ಸಾಲಿನ ಹುಡುಗರು ಏರುವುದೂ, ಸಣ್ಣವರು ಬಿಟ್ಟುಬರಲು ಮನಸ್ಸು ಮಾಡುವುದೂ ಆಗಲೇ.

ಶಾಲೆಯಲ್ಲಿ ಇನ್ನೂ ಇರುವ ಮಕ್ಕಳಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ತಿಂಗಳಿಗೆ 4,000 ರೂಪಾಯಿ. ತಾಯಿ ವಿಧವೆ, ಗಂಡ ಬಿಟ್ಟವಳು, ಇಲ್ಲವೇ ಹುಡುಗ ದುಡಿಮೆಗೆ ಬಿದ್ದಿದ್ದಾನೆ ಅಂದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿ. ನಗರದಲ್ಲಿ ಕುಟುಂಬದ ವರಮಾನ ವರ್ಷಕ್ಕೆ 96,000 ಮೀರಬಾರದು. ಹಾಜರಿ ತಪ್ಪಿದರೆ ಹಣ ನಿಲ್ಲುತ್ತದೆ, ಹೀಗಾಗಿ ತಾಯಿಯೇ ದಿನಾ ಶಾಲೆಗೆ ಅಟ್ಟುತ್ತಾಳೆ.

ಸಮಿತಿ ಕಟ್ಟುವಾಗ ಒಂದು ಮಾತು. ಹಫ್ತಾ ಎತ್ತಿ ಗಣಪತಿಗೆ ದೇಣಿಗೆ ಕೊಟ್ಟು ‘ಸಮಾಜಸೇವಕ’ ಆದವರು ಮೊದಲ ಸಭೆಗೇ ಬರುತ್ತಾರೆ, ಶಾಲು ಹೊದಿಸಿಕೊಳ್ಳಲು. ಬರಬೇಡಿ ಅನ್ನಲಾಗುವುದಿಲ್ಲ. ಸಹಿ ಅಧಿಕಾರ, ಫಲಾನುಭವಿಗಳ ಪಟ್ಟಿ, ರೆಕಾರ್ಡರ್ ಕೀಲಿ ಈ ಮೂರು ಅವರ ಕೈಗೆ ಹೋಗದಿದ್ದರೆ ಸಾಕು.

ಕೇಂದ್ರದ ಅನುದಾನಕ್ಕೆ ಪ್ರತ್ಯೇಕ ಖಾತೆ ಇರಲಿ. ಬಡ್ಡಿ ಬಂದರೆ ಅದು ಸರ್ಕಾರದ್ದು, ಮರಳಿಸಬೇಕು. ಬಳಕೆ ಪ್ರಮಾಣಪತ್ರವನ್ನು ಸಾಮಾನ್ಯ ಹಣಕಾಸು ನಿಯಮ 2017ರ ನಮೂನೆ 12-ಎ ಯಲ್ಲಿ, ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಕೊಡಬೇಕು. ಮುಂದಿನ ಕಂತು ಬೇಕಿದ್ದವರು ಅಷ್ಟು ಕಾಯದೆ ಜೂನ್ ಒಳಗೇ ಆಡಿಟ್ ಮುಗಿಸುತ್ತಾರೆ. ಕೇರಂ ಬೋರ್ಡಿನಿಂದ ಹಿಡಿದು ಫ್ಯಾನಿನ ತನಕ ಕೊಂಡ ಪ್ರತಿ ವಸ್ತುವಿನ ಮೇಲೆ ಯೋಜನೆಯ ಹೆಸರು, ವರ್ಷ, ಕ್ರಮಸಂಖ್ಯೆ ಪೇಂಟಿನಲ್ಲಿ ಬರೆಸಿ, ಆಸ್ತಿ ವಹಿಯಲ್ಲೂ ಅದೇ ಸಂಖ್ಯೆ ನಮೂದಿಸಿ. ತಪಾಸಣೆಗೆ ಬಂದವರು ಮೊದಲು ತಾಳೆ ನೋಡುವುದು ಅದನ್ನೇ.